ದಾರುಚಕ್ರವಾಕ ಮೀಮಾಂಸೆ

ಆರಂಭಿಸಿದ ಗ್ರಂಥವು ನಿರ್ವಿಘ್ನವಾಗಿ ಮುಗಿಯಲೆಂದು ವಿಶ್ವಕರ್ಮನನ್ನೂ, ಆರಂಭಿಸಿದ ಕೆತ್ತನೆಯು ನಿರ್ವಿಘ್ನವಾಗಿ ಮುಗಿಯದಂತೆ ನೋಡಿಕೊಳ್ಳುವ ಮರದ ಗಂಟನ್ನೂ ಏಕಕಾಲದಲ್ಲಿ ವಂದಿಸಿ, ಆಳಂದ, ಅಫಜಲಪುರ, ಜೇವರ್ಗಿಗಳೆಂಬ ತಾಲೂಕುತ್ರಯದಲ್ಲಿ ಕಟ್ಟಿಗೆಯ ಬಾತುಕೋಳಿಯನ್ನು ಕೆತ್ತಬಯಸುವ ನವಶಿಷ್ಯನಿಗೆ ದಾರು ಎಲ್ಲಿ ದೊರೆಯುವುದು, ದಾರಿಯನ್ನು ಯಾರು ತೋರುವರು ಎಂಬ ಪ್ರಶ್ನದ್ವಯವನ್ನು ಇಲ್ಲಿ ವಿಚಾರಿಸಲಾಗುವುದು. ಈ ವಿಷಯವಾಗಿ ಪೂರ್ವಾಚಾರ್ಯರ ಗ್ರಂಥವೊಂದೂ ನಮ್ಮ ಕಣ್ಣಿಗೆ ಬೀಳದಿರುವುದರಿಂದ ಅವರನ್ನು ಖಂಡಿಸುವ ಸುಖದಿಂದ ನಾವು ವಂಚಿತರಾಗಿದ್ದೇವೆ, ಸಹೃದಯರು ಮನ್ನಿಸಬೇಕು.

ಶಾಸ್ತ್ರವೆಂದ ಮೇಲೆ ಅನುಬಂಧಚತುಷ್ಟಯವು ಅವಶ್ಯವಷ್ಟೆ. ನೀರಿನ ಮೇಲೆ ತೇಲಬಿಟ್ಟಾಗ, ಆಕಾಶದಲ್ಲಿ ಹೋಗುತ್ತಿರುವ ಬಾತುಗಳು ಇದು ನಮ್ಮವನೇ ಎಂದು ನಂಬಿ ಕೆಳಗಿಳಿಯುವಂತೆ ಮಾಡುವ ಮರದ ಹಕ್ಕಿಯೇ ಇಲ್ಲಿ ವಿಷಯ. ಹಿಂದಿನ ಬೇಂಟೆಗಾರರು ಹುಲ್ಲೆಗಳ ಹಿಂಡನ್ನು ಸೆಳೆಯಲು ಸಾಕಿಕೊಳ್ಳುತ್ತಿದ್ದ ದೀವದ ಮೃಗಕ್ಕೆ ಇದು ಜ್ಞಾತಿ. ಹರಿತವಾದ ಉಳಿ, ಹೇರಳವಾದ ಬಿಡುವು ಮತ್ತು ಮನೆಯವರ ಮೌನ ಈ ಮೂರನ್ನೂ ಪಡೆದವನು ಅಧಿಕಾರಿ. ಮರಕ್ಕೂ ಹಕ್ಕಿಗೂ ಇರುವ ಸಂಬಂಧವಾದರೋ, ಮೊದಲನೆಯದು ಎರಡನೆಯದಾಗಲು ಕೊನೆಯವರೆಗೂ ಒಪ್ಪದಿರುವುದು. ನಾಲ್ಕನೆಯದಾದ ಪ್ರಯೋಜನವನ್ನು ಕಾರಣಾಂತರದಿಂದ ಗ್ರಂಥದ ಅಂತ್ಯಕ್ಕೆ ಮುಂದೂಡಲಾಗಿದೆ.

ಆಳಂದಕ್ಕೆ ನೆರೆಯದಾದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು, ‘ಮಾನಸೋಲ್ಲಾಸ’ವೆಂಬ ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥದಲ್ಲಿ, ಅಡುಗೆಯಿಂದ ಆನೆಯವರೆಗೆ, ಮೀನಿನ ಗಾಳದಿಂದ ಮೃಗಯಾವಿನೋದದವರೆಗೆ, ಅರಸನ ಬಿಡುವಿಗೆ ಬೇಕಾದುದನ್ನೆಲ್ಲ ನಿರೂಪಿಸಿದನು. ಆ ಸಾಮ್ರಾಜ್ಯದ ಉತ್ತರಾಧಿಕಾರವು ತಾಲೂಕು ಕಚೇರಿಗಳಿಗೆ ಇಳಿದುಬಂದಿರುವ ಈ ಕಾಲದಲ್ಲಿ, ಪ್ರಸ್ತುತ ಪ್ರಬಂಧವನ್ನು ಆ ಮಹಾಗ್ರಂಥದ ನೂರೊಂದನೆಯ ಅಧ್ಯಾಯವೆಂದು ಪರಿಗಣಿಸಬೇಕೆಂದು ವಿನಯಪೂರ್ವಕವಾಗಿ ಆಗ್ರಹಿಸುತ್ತೇವೆ.

ಕೆತ್ತತಕ್ಕ ಹಕ್ಕಿ ಯಾವುದು? ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಕೆರೆ ಹೊಳೆಗಳಿಗೆ ವಲಸೆ ಬರುವವುಗಳಲ್ಲಿ ಪಟ್ಟೆತಲೆಯ ಹೆಬ್ಬಾತು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಈಗಾಗಲೇ ಕೀರ್ತಿವಂತವಾಗಿದ್ದು, 2024ರಲ್ಲಿ ಆ ಕೆರೆಗೆ ರಾಮ್ಸಾರ್ ಪಟ್ಟಿಯ ಮಾನ್ಯತೆಯೂ ದೊರೆತಿರುವುದರಿಂದ, ಅದಕ್ಕೆ ನಮ್ಮ ಉಪಕಾರವು ಬೇಕಿಲ್ಲ. ಚಕ್ರವಾಕವನ್ನೇ ಆರಿಸುವುದು ಯುಕ್ತ. ಅದರ ಮೈಬಣ್ಣಕ್ಕೆ ಗೋಡೆಗೆ ಬಳಿದುಳಿದ ಹುರಮಂಜಿಯೇ ಸಾಕು. ಮೇಲಾಗಿ, ಕವಿಸಮಯದ ಪ್ರಕಾರ ರಾತ್ರಿಯಲ್ಲಿ ಜೋಡಿಯು ಅಗಲುವುದರಿಂದ, ಒಂದನ್ನೇ ಕೆತ್ತಿ ಬೇಸತ್ತವನು, ಇನ್ನೊಂದು ಆಚೆಯ ದಂಡೆಯಲ್ಲಿ ವಿರಹದಲ್ಲಿದೆಯೆಂದು ಧೈರ್ಯವಾಗಿ ಹೇಳಬಹುದು.

ಇನ್ನು ದಾರುಪರೀಕ್ಷೆ. ಅಮೆರಿಕದವರು ಆರಂಭಿಕರಿಗೆ ಬಿಳಿಯ ಸೀಡರ್, ಟುಪೆಲೊ, ಬಾಸ್‌ವುಡ್ ಎಂಬ ಮೆದುವಾದ ಮರಗಳನ್ನು ವಿಧಿಸುತ್ತಾರೆ. ಕಲಬುರಗಿ ಜಿಲ್ಲೆಯ ಅರಣ್ಯವೆಲ್ಲ ಬಹುಮಟ್ಟಿಗೆ ಚಿಂಚೋಳಿಯ ಕಡೆಗೆ ಸರಿದುಕೊಂಡು, ಈ ಮೂರು ತಾಲೂಕುಗಳಿಗೆ ಎರೆಭೂಮಿಯನ್ನು ಮಾತ್ರ ಬಿಟ್ಟಿರುವಲ್ಲಿ, ರಾಶಿಯ ದೃಷ್ಟಿಯಿಂದ ಅಗ್ರಸ್ಥಾನದಲ್ಲಿರುವ ಕಟ್ಟಿಗೆಯೆಂದರೆ ತೊಗರಿಯ ಕಟ್ಟಿಗೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಬಂದಿತಾದರೂ, ಹೆಬ್ಬೆರಳ ಗಾತ್ರದ ಅದರ ಕಡ್ಡಿಯಿಂದ ಬಾತಿನ ಕೊಕ್ಕನ್ನು ತೆಗೆಯಬಹುದೇ ಹೊರತು ಬಾತನ್ನಲ್ಲ. ಬಳ್ಳಾರಿ ಜಾಲಿಯು ಹಳ್ಳದ ದಂಡೆಗುಂಟ ಬೇಕಾದಷ್ಟಿದ್ದು, ಕಡಿದರೆ ಯಾರೂ ಬೇಡವೆನ್ನರು. ಆದರೆ ಅದು ಗೇಣುದ್ದವೂ ನೆಟ್ಟಗೆ ಬೆಳೆಯುವುದಿಲ್ಲ. ಬಂಡಿಯ ಗಾಲಿಗೂ ನೇಗಿಲಿಗೂ ಪ್ರಶಸ್ತವಾದ ಕರಿಜಾಲಿಯ ಹಕ್ಕಿಯು ಮೈಯ ಮುಕ್ಕಾಲು ಭಾಗವನ್ನು ನೀರಿನೊಳಗೆ ಅಡಗಿಸಿ, ಮಡುವಿನಲ್ಲಿ ಬಿದ್ದ ಎಮ್ಮೆಯಂತೆ ಮೂಗನ್ನಷ್ಟೇ ತೋರಿಸುವುದರಿಂದ ಅನುಕಂಪವನ್ನು ಹುಟ್ಟಿಸೀತು, ನಂಬಿಕೆಯನ್ನು ಹುಟ್ಟಿಸಲಾರದು. ಬೇವಿನ ಗತಿಯೂ ಇದಕ್ಕಿಂತ ಬಹಳ ಮೇಲಲ್ಲ. ಹುಳು ತಿನ್ನದಿರುವುದೊಂದೇ ಅದರ ವಿಶೇಷ.

ಹಗುರವಾಗಿ, ಮೆದುವಾಗಿ, ನೀರಿನೊಳಗೆ ಬಹುಕಾಲ ಕೊಳೆಯದೆ ನಿಲ್ಲುವ ಕಾರಣ ಹಿಂದೆ ಬಾವಿಯ ಚೌಕಟ್ಟಿಗೂ ಬಳಕೆಯಾಗುತ್ತಿದ್ದ ಅತ್ತಿಯ ಮರವೇ ಸರ್ವಲಕ್ಷಣಸಂಪನ್ನವೆಂದು ನಾವು ನಿರ್ಣಯಿಸಿದ್ದೆವು. ಆದರೆ ಅಫಜಲಪುರ ತಾಲೂಕಿನಲ್ಲಿ, ಭೀಮಾ ಅಮರ್ಜಾ ಸಂಗಮದ ದೇವಲ ಗಾಣಗಾಪುರದಲ್ಲಿ, ಅದೇ ಮರವು ಔದುಂಬರವೆಂಬ ಹೆಸರಿನಿಂದ ದತ್ತಾತ್ರೇಯನ ಸನ್ನಿಧಾನವಾಗಿದ್ದು, ಅದರ ನೆರಳಿನಲ್ಲಿ ಭಕ್ತರು ಗುರುಚರಿತ್ರೆಯ ಪಾರಾಯಣಕ್ಕೆ ಕುಳಿತಿರುವಾಗ, ಕೊಡಲಿ ಹಿಡಿದು ನಿಂತವನು ಬಾತುಕೋಳಿಯ ವಿಷಯವನ್ನು ಎತ್ತುವುದು ಪ್ರಾಣಕ್ಕೆ ಹಿತವಲ್ಲ. ಆದ್ದರಿಂದ, ಎಲೆಬಳ್ಳಿಗೆ ಆಸರೆಯಾಗಿ ತೋಟಗಳಲ್ಲಿ ನೆಡುವ ಹಾಲವಾಣವೇ ಶೇಷನ್ಯಾಯದಿಂದ ಗ್ರಾಹ್ಯ. ಅದು ನೀರಿನ ಮೇಲೆ ಎಷ್ಟು ಹಗುರವಾಗಿ ಕೂರುವುದೆಂದರೆ ಜೀವಂತ ಬಾತಿಗೂ ನಾಚಿಕೆಯಾಗಬೇಕು. ಕಡಿಯುವ ಮುನ್ನ 1976ರ ಮರಗಳ ಸಂರಕ್ಷಣಾ ಕಾಯಿದೆಯನ್ನು ಅವಲೋಕಿಸತಕ್ಕದ್ದು.

ಇಲ್ಲಿ ಪೂರ್ವಪಕ್ಷಿಯು ಏಳುತ್ತಾನೆ. ನೆವಾಡ ಪ್ರಾಂತದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ದೊರೆತ, ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ದೀವದ ಬಾತುಗಳಿಗೆ ಮರದ ಸೋಂಕೇ ಇಲ್ಲ. ಅವು ಜೊಂಡುಹುಲ್ಲನ್ನು ಬಾಗಿಸಿ, ಬಿಗಿದು ಮಾಡಿದವು. ಕೊರಳ್ಳಿಯ ಅಮರ್ಜಾ ಜಲಾಶಯದ ಅಂಚಿನಲ್ಲಾಗಲಿ, ಸೊನ್ನ ಬ್ಯಾರೇಜಿನ ಹಿನ್ನೀರಿನಲ್ಲಾಗಲಿ ಒಂದು ಹೊರೆ ಹುಲ್ಲನ್ನು ಕೊಯ್ದರೆ ಕಾರ್ಯ ಮುಗಿಯಿತಲ್ಲವೇ ಎಂದು ಅವನ ವಾದ. ಇದನ್ನು ಒಪ್ಪಲಾಗದು. ಒಪ್ಪಿದರೆ ಮೇಲಿನ ದಾರುಪರೀಕ್ಷೆಯು ವ್ಯರ್ಥವಾಗುತ್ತದೆ, ಬರೆದುದು ವ್ಯರ್ಥವಾಗಬಾರದೆಂಬುದು ಶಾಸ್ತ್ರಕಾರರ ಮೊದಲನೆಯ ನಿಯಮ.

ಗುರುವಿನ ವಿಚಾರ. ಮೇರಿಲ್ಯಾಂಡಿನ ಕ್ರಿಸ್‌ಫೀಲ್ಡ್ ಎಂಬ ಊರಿನಲ್ಲಿ ಈ ಕಲೆಯನ್ನು ಶಿಖರಕ್ಕೇರಿಸಿದ ಲೆಮ್ ಮತ್ತು ಸ್ಟೀವ್ ವಾರ್ಡ್ ಸಹೋದರರು ವೃತ್ತಿಯಿಂದ ಕ್ಷೌರಿಕರಾಗಿದ್ದರು. ಆದುದರಿಂದ ಗುರುವು ಬಡಿಗನೇ ಆಗಿರಬೇಕೆಂಬ ನಿರ್ಬಂಧವಿಲ್ಲ. ಕೃಷ್ಣೆಯನ್ನು ದಾಟಿ ಕೊಪ್ಪಳದ ಕಿನ್ನಾಳಕ್ಕೆ ಹೋದರೆ, ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಸಂದುಗಳನ್ನು ಮುಚ್ಚಿ, ಗಿಳಿಯನ್ನೂ ಗರುಡನನ್ನೂ ಬಣ್ಣಗೊಳಿಸುವ ಚಿತ್ರಗಾರರಿದ್ದಾರೆ. ಅಷ್ಟು ದೂರ ಹೋಗಲಾರದವನಿಗೆ ಊರ ಬಡಿಗೇರನೇ ಗತಿ. ಆದರೆ ಅವನನ್ನು ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಕಾಣಕೂಡದು. ಆಗ ಅವನ ಅಂಗಳದ ತುಂಬ ಕುಂಟೆ ಕೂರಿಗೆಗಳು ರಿಪೇರಿಗೆ ಬಂದು ಬಿದ್ದಿರುತ್ತವೆ. ಸಂಭಾವನೆಯೂ ಜಟಿಲವಾದ ಪ್ರಶ್ನೆ: ನೇಗಿಲಿಗೆ ಸುಗ್ಗಿಯಲ್ಲಿ ಇಷ್ಟು ಜೋಳದ ಆಯವೆಂದು ಹಿರಿಯರು ಗೊತ್ತುಮಾಡಿದ್ದರು, ಬಾತಿಗೆ ಗೊತ್ತುಮಾಡಲಿಲ್ಲ.

ಜೇವರ್ಗಿಯ ಕಡೆಯ ಒಬ್ಬ ವೃದ್ಧ ಬಡಿಗೇರರ ಮುಂದೆ ನಾವು ಹಾಲವಾಣದ ತುಂಡನ್ನಿರಿಸಿ ಉಪನ್ಯಾಸವನ್ನು ಆರಂಭಿಸಿದೆವು. ಅವರು ಬಾಚಿಯ ಹಿಂಬದಿಯಿಂದ ತುಂಡನ್ನು ಎರಡು ಬಾರಿ ತಟ್ಟಿ, ಕಿವಿಗೊಟ್ಟು, ಕಡಿದ ಮುಖದ ಮೇಲೆ ಹೆಬ್ಬೆರಳನ್ನು ಒತ್ತಿ, ತೇವವನ್ನು ನೋಡಿಕೊಂಡು ನುಡಿದರು:

“ಇದು ಇನ್ನಾ ಹಸೀ ಅದರಿ ಸರ. ಈಗ ಕೆತ್ತಿದ್ರ ಬಿಸಲಿಗಿ ಸೀಳ್ತದ. ನೆರಳಾಗ ಒಣಗಲಿ. ಆದ್ರ ಒಂದ್ ಮಾತ್ರಿ, ಹಕ್ಕಿ ಬರ್ಲಿ ಅಂತ ಇದು ಮಾಡ್ತೀರಿ, ಖರೇ. ಬಂದ ಮ್ಯಾಲ ಏನು ಮಾಡ್ತೀರಿ?”

“ನೋಡುತ್ತೇವೆ, ಅಜ್ಜಾ.”

“ನೋಡ್ಲಕ ಕಟಗಿ ಯಾಕ ಬೇಕ್ರಿ? ಹೊಳಿ ದಂಡಿಗಿ ಸುಮ್ ಕೂಡ್ರಿ, ಅವೇ ಬರ್ತಾವ.”

ಮುಂದೂಡಲ್ಪಟ್ಟ ಪ್ರಯೋಜನವು ಹೀಗೆ ಬಾಗಿಲಿಗೆ ಬಂದು ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈಗ ನಮ್ಮಲ್ಲಿ ಇಳಿದು ಬಂದ ಚಕ್ರವಾಕದ ಮೇಲೆ ಕೋವಿಯೆತ್ತುವಂತಿಲ್ಲವಾದುದರಿಂದ, ಅದನ್ನು ಕರೆಯುವ ಮರದ ಹಕ್ಕಿಗೆ ಮಾಡಲು ಕೆಲಸವಿಲ್ಲ. ಆದರೆ ನಿರುದ್ಯೋಗವು ಅವನತಿಗೆ ಕಾರಣವೆಂಬ ಸಾಮಾನ್ಯ ನಿಯಮ ಇಲ್ಲಿ ಸಲ್ಲದು. ಅಮೆರಿಕದಲ್ಲಿ 1918ರ ವಲಸೆಹಕ್ಕಿಗಳ ಕಾಯಿದೆಯು ಮಾರಾಟಕ್ಕಾಗಿ ಗುಂಪುಗುಂಪಾಗಿ ಕೊಲ್ಲುವುದನ್ನು ತಡೆದ ಮೇಲೆ, ಕೆಸರಿನಲ್ಲಿ ದುಡಿಯುತ್ತಿದ್ದ ಮರದ ಬಾತುಗಳು ಕ್ರಮೇಣ ಗಾಜಿನ ಕಪಾಟುಗಳನ್ನು ಏರಿದವು. ಮ್ಯಾಸಚೂಸೆಟ್ಸಿನ ಎಲ್ಮರ್ ಕ್ರೋವೆಲ್ ಕೆತ್ತಿದ ಎರಡು ಹಕ್ಕಿಗಳು 2007ರಲ್ಲಿ ತಲಾ ಹನ್ನೊಂದು ಲಕ್ಷ ಡಾಲರುಗಳಿಗೂ ಮಿಗಿಲಾಗಿ ಬೆಲೆ ಬಾಳಿದವು. ಉಪಯೋಗವು ತೀರಿದಲ್ಲಿ ಗೌರವವು ಆರಂಭವಾಗುವುದೆಂಬುದೇ ಸಿದ್ಧಾಂತ. ವಿದ್ವತ್ಪ್ರಬಂಧಗಳ ಪ್ರತಿಷ್ಠೆಗೂ ಇದೇ ಮೂಲವೆಂದು ತಿಳಿದವರು ಹೇಳುತ್ತಾರೆ.

ಬಡಿಗೇರರ ಮಾತಾದರೋ ನಾಲ್ಕು ಶಬ್ದಗಳಲ್ಲಿ ಮುಗಿಯುವುದರಿಂದ ಶಾಸ್ತ್ರದೃಷ್ಟಿಯಲ್ಲಿ ಪ್ರಮಾಣವಾಗಲಾರದು. ಅದರಲ್ಲಿ ‘ನೆರಳಾಗ ಒಣಗಲಿ’ ಎಂಬ ಅಂಶವನ್ನು ಮಾತ್ರ ಸ್ವೀಕರಿಸಿ, ತುಂಡನ್ನು ಅಟ್ಟದ ಮೇಲಿರಿಸಿ, ಅದು ಒಣಗುವವರೆಗಿನ ಕಾಲವನ್ನು ಈ ಗ್ರಂಥರಚನೆಗೆ ವಿನಿಯೋಗಿಸಲಾಯಿತು.

ಫಲಶ್ರುತಿ: ಇದನ್ನು ಪ್ರಾತಃಕಾಲದಲ್ಲಿ ಪಠಿಸುವವನಿಗೆ ಕಟ್ಟಿಗೆ ಅಡ್ಡೆಯಲ್ಲಿ ಮೋಸವಾಗದು, ಸಾಯಂಕಾಲದಲ್ಲಿ ಪಠಿಸುವವನಿಗೆ ಬಡಿಗೇರರ ಬೈಗುಳ ತಾಗದು, ಇಡೀ ದಿನ ಪಠಿಸುವವನ ಬೆರಳಿಗೆ ಉಳಿಯ ಗಾಯವು ಎಂದೆಂದಿಗೂ ಆಗದು, ಏಕೆಂದರೆ ಅವನ ಕೈಗೆ ಉಳಿ ಹಿಡಿಯುವಷ್ಟು ಬಿಡುವೇ ಇರುವುದಿಲ್ಲ.