ದ್ವಿಚಕ್ರದ್ವಯ ಮೀಮಾಂಸೆ ಅಥವಾ ಆಲಮೇಲದ ಹೊಸ ರೇಸುಗಾರನಿಗೆ ಸೈಕಲ್ ಆರಿಸಿಕೊಡುವ ಶಾಸ್ತ್ರ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ಮಂಗಳಾಚರಣೆ. ಟ್ಯೂಬಿನೊಳಗಿನ ಗಾಳಿಗೆ ನಮಸ್ಕಾರ, ಎದುರಿನಿಂದ ಬೀಸುವ ಆಷಾಢದ ಗಾಳಿಗೆ ನಮಸ್ಕಾರ, ಸಿಂದಗಿ ರಸ್ತೆಯ ತಗ್ಗುಗಳಿಗೆ ಸಾಷ್ಟಾಂಗ ನಮಸ್ಕಾರ. ಈ ಮೂರನೆಯದನ್ನು ನಮ್ಮ ಕಡೆಯ ಎಷ್ಟೋ ಹುಡುಗರು ಸೈಕಲ್ ಸಮೇತ ಸಲ್ಲಿಸಿದ್ದಾರೆ.

ಇನ್ನು ವಿಷಯನಿರೂಪಣೆ. ಆಲಮೇಲದ ಒಬ್ಬ ಹದಿನೈದರ ಹುಡುಗ (ಇಲ್ಲಿಂದ ಮುಂದೆ ‘ಕರ್ತೃ’) ರೋಡ್ ರೇಸಿನ ಎರಡು ಸೈಕಲ್ಲುಗಳಲ್ಲಿ (ಇಲ್ಲಿಂದ ಮುಂದೆ ‘ಕರ್ಮ’) ಒಂದನ್ನು ಆರಿಸಬೇಕಾಗಿದೆ. ರೊಕ್ಕ ಯಾರಿಂದ ಅಗಲುತ್ತದೆಯೋ ಆ ತಂದೆಯನ್ನು ವೈಯಾಕರಣರ ಸಂಪ್ರದಾಯದಂತೆ ‘ಅಪಾದಾನ’ ಎಂದು ಕರೆಯತಕ್ಕದ್ದು. ಮೊದಲ ಸೈಕಲ್ಲಿಗೆ ‘ಅ’ ಎಂದೂ ಎರಡನೆಯದಕ್ಕೆ ‘ಆ’ ಎಂದೂ ನಾಮಕರಣ ಮಾಡಿದ್ದೇನೆ. ಎರಡರ ನಡುವೆ ಇರುವುದು ಒಂದು ದೀರ್ಘದಷ್ಟೇ ವ್ಯತ್ಯಾಸ. ಆ ದೀರ್ಘಕ್ಕೆ ಅಂಗಡಿಯವರು ಇಪ್ಪತ್ತು ಸಾವಿರ ಹೆಚ್ಚು ಕೇಳುತ್ತಾರೆ.

ಇಂಥ ಗಹನ ಪ್ರಶ್ನೆ ಆಲಮೇಲದಲ್ಲೇಕೆ ಹುಟ್ಟಬೇಕು ಎಂದು ದಕ್ಷಿಣದ ಓದುಗರು ಕೇಳಿಯಾರು. ಆಲಮೇಲ ಇರುವ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದ ಸೈಕಲ್ ರೇಸಿನ ತವರು. ಎರಡೂ ಕಡೆ ಕ್ರೀಡಾ ಇಲಾಖೆಯ ಸೈಕ್ಲಿಂಗ್ ಹಾಸ್ಟೆಲ್ಲುಗಳಿವೆ, ಪಕ್ಕದ ಬೆಳಗಾವಿ ಜಿಲ್ಲೆಯ ಚಂದರಗಿಯಲ್ಲಿ ಕ್ರೀಡಾ ಶಾಲೆ ಇದೆ. ರಾಜ್ಯ ತಂಡದ ಪಟ್ಟಿ ತೆರೆದರೆ ಬೆಂಗಳೂರಿನ ಹೆಸರುಗಳಿಗಿಂತ ನಮ್ಮ ಕರಿಮಣ್ಣಿನ ಹೆಸರುಗಳೇ ಮುಂದೆ ಬರುತ್ತವೆ. ಇವೆಲ್ಲ ಸುರುವಾದದ್ದು ಜಾತ್ರೆಯ ಶರ್ಯತ್ತಿನಲ್ಲಿ. ಎತ್ತಿನ ಗಾಡಿಯ ಶರ್ಯತ್ತು ಮುಗಿದ ಮೇಲೆ ಸೈಕಲ್ ಶರ್ಯತ್ತು. ಕ್ಯಾರಿಯರ್ ಬಿಚ್ಚು, ಮಡಗಾರ್ಡ್ ಬಿಚ್ಚು, ಸ್ಟ್ಯಾಂಡ್ ಬಿಚ್ಚು, ಹೊಡಿ. ಆಗ ‘ಅ’ದೋ ‘ಆ’ದೋ ಎಂಬ ಜಿಜ್ಞಾಸೆ ಇರಲಿಲ್ಲ, ಏಕೆಂದರೆ ಊರಲ್ಲಿದ್ದ ಎಲ್ಲ ಸೈಕಲ್ಲುಗಳೂ ಕರಿ ಬಣ್ಣದ, ಇಪ್ಪತ್ತು ಕಿಲೋ ತೂಗುವ ಒಂದೇ ಜಾತಿಯವು. 1951ರಲ್ಲಿ ಸುರುವಾಗಿ ಅಂಥ ಸೈಕಲ್ಲುಗಳಿಂದ ಹಳ್ಳಿಹಳ್ಳಿಯನ್ನೂ ಮುಟ್ಟಿದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅಂದರೆ ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿತು. ಇದು ಅಣಕವಲ್ಲ. ವಾಸ್ತವವೇ ಇಷ್ಟು ಚೆನ್ನಾಗಿ ಅಣಕಿಸುವಾಗ ನಮ್ಮಂಥವರ ಹೊಟ್ಟೆಪಾಡು ಕಷ್ಟ.

ಈ ಗ್ರಂಥದ ಹುಟ್ಟಿಗೆ ಕಾರಣವಾದ ಪ್ರಸಂಗವನ್ನೂ ದಾಖಲಿಸಬೇಕು. ಒಂದು ದೊಡ್ಡ ಊರಿನ ದೊಡ್ಡ ಅಂಗಡಿಗೆ ಒಬ್ಬ ಅಪಾದಾನ ಮಗನನ್ನು ಕರೆದುಕೊಂಡು ಹೋದಾಗ ಜೊತೆಯಲ್ಲಿ ನಾನೂ ಇದ್ದೆ. “ಹುಡುಗ ಶರ್ಯತ್ತಿಗೆ ಬೀಳತಾನ್ರೀ, ಚಲೋದೊಂದು ಸೈಕಲ್ ಕೊಡ್ರಿ” ಎಂದ. ಕೌಂಟರಿನ ತಜ್ಞ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿಮ್ಮ ಯೂಸ್ ಕೇಸ್ ಏನು?” ಎಂದು ಕೇಳಿದ. ಅಪಾದಾನ, “ಕೇಸ್ ಏನೂ ಇಲ್ರೀ, ಹೊಲದ್ದೊಂದಿತ್ತು, ಅದೂ ರಾಜಿ ಆತು” ಎಂದ. ಆಮೇಲೆ ಮುಕ್ಕಾಲು ತಾಸು ನಡೆದ ಉಪನ್ಯಾಸವನ್ನು ಕೇಳಿದವರಿಗೆ ಈ ಪ್ರಬಂಧದ ಭಾಷೆ ಅತಿಯೆನಿಸಲಾರದು.

ಎರಡು ಸೈಕಲ್ಲುಗಳ ನಡುವಿನ ಭೇದಗಳು ಹನ್ನೆರಡು: ಭಾರಭೇದ, ಕೋನಭೇದ, ಬಿಗುಭೇದ, ವಾಯುಭೇದ, ಗೇರುಭೇದ, ಬ್ರೇಕುಭೇದ, ಟೈರುಭೇದ, ವರ್ಣಭೇದ, ಸ್ಟಿಕ್ಕರುಭೇದ, ಕಂತುಭೇದ, ಗೆಳೆಯರ ಅಭಿಪ್ರಾಯಭೇದ ಮತ್ತು ಭೇದಾಭಾವಭೇದ. ಒಂದೊಂದನ್ನೂ ಪೂರ್ವಪಕ್ಷ, ಖಂಡನೆ, ಸಿದ್ಧಾಂತ ಎಂಬ ಕ್ರಮದಲ್ಲಿ ವಿಚಾರಿಸಲಾಗುವುದು.

ಪ್ರಥಮ ಪ್ರಕರಣ, ಭಾರಭೇದ. ‘ಅ’ 8.9 ಕಿಲೋ, ‘ಆ’ 8.6 ಕಿಲೋ. ಪೂರ್ವಪಕ್ಷದವರು ಹೇಳುತ್ತಾರೆ: ಹಗುರವಾದದ್ದೇ ವೇಗ, ಆದ್ದರಿಂದ ‘ಆ’. ಖಂಡನೆ: ಭಾರ ಕಾಡುವುದು ಏರಿನಲ್ಲಿ. ಆಲಮೇಲದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಏರು ಎಂದು ಕರೆಯಬಹುದಾದದ್ದು ರಸ್ತೆಯುಬ್ಬು ಮಾತ್ರ. ಈ 300 ಗ್ರಾಮು, ತುಂಬಿದ ನೀರಿನ ಬಾಟಲಿಯ ಅರ್ಧಕ್ಕೂ ಕಡಿಮೆ. ಎರಡು ಸಲ ಗುಟುಕರಿಸಿ ಒಮ್ಮೆ ಮೂತ್ರಕ್ಕೆ ಹೋಗಿಬಂದರೆ ಲೆಕ್ಕ ಚುಕ್ತಾ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ನೇ ಇಸವಿಯಿಂದ ರೇಸಿನ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದೆಂದು ಕಟ್ಟಳೆ ಮಾಡಿದೆ. ಈ ಕಟ್ಟಳೆ ಮುರಿದ ಅಪವಾದ ನಮ್ಮ ತಾಲ್ಲೂಕಿಗೆ ಬರುವ ಭಯವಿಲ್ಲವೆಂದು ಹೆಮ್ಮೆಯಿಂದ ತಿಳಿಸುತ್ತೇನೆ.

ದ್ವಿತೀಯ ಪ್ರಕರಣ, ಕೋನಭೇದ. ‘ಅ’ದ ಹೆಡ್ ಟ್ಯೂಬು 73 ಡಿಗ್ರಿ, ‘ಆ’ದ್ದು 72.5. ‘ಅ’ದ ಸ್ಟ್ಯಾಕು 550 ಮಿಲಿಮೀಟರು, ‘ಆ’ದ್ದು 555. ಅಂದರೆ ‘ಆ’ದ ಹ್ಯಾಂಡಲ್ಲು ಐದು ಮಿಲಿಮೀಟರು ಎತ್ತರ. ಈ ಐದು ಮಿಲಿಮೀಟರಿನಿಂದ ಸವಾರನ ‘ವ್ಯಕ್ತಿತ್ವ’ವೇ ಬದಲಾಗುತ್ತದೆಂದು ತಜ್ಞರ ಮತ, ಒಂದು ‘ಆಕ್ರಮಣಶೀಲ’, ಇನ್ನೊಂದು ‘ಸಹಿಷ್ಣು’. ಸ್ಟೆಮ್ಮಿನ ಕೆಳಗೆ ಹಾಕುವ ಐದು ಮಿಲಿಮೀಟರಿನ ಒಂದು ಸ್ಪೇಸರ್ ಉಂಗುರದಿಂದ ಈ ಎರಡು ದರ್ಶನಗಳ ಸಮನ್ವಯವಾಗುತ್ತದೆ ಎಂಬುದನ್ನು ಮಾತ್ರ ಯಾವ ಆಚಾರ್ಯರೂ ಬಾಯಿಬಿಡುವುದಿಲ್ಲ. ಉಂಗುರ ತೊಡಿಸಿ ಮತ ಬದಲಿಸುವುದು ಇಷ್ಟು ಅಗ್ಗವೆಂದು ಗೊತ್ತಾದರೆ ಅಂಗಡಿ ನಡೆಯುವುದು ಹೇಗೆ?

ತೃತೀಯ ಪ್ರಕರಣ, ಬಿಗುಭೇದ. ಜಗತ್ತಿನಲ್ಲಿ ಇದುವರೆಗೆ ವಿಮರ್ಶೆಗೊಳಗಾದ ಪ್ರತಿಯೊಂದು ರೇಸ್ ಸೈಕಲ್ಲೂ ಪಾರ್ಶ್ವದಲ್ಲಿ ಬಿಗಿ, ಲಂಬದಲ್ಲಿ ಮೃದು. ಕಳೆದ ವರ್ಷದ ಮಾದರಿಗಿಂತ ಈ ವರ್ಷದ್ದು ಇನ್ನಷ್ಟು ಬಿಗಿ, ಮತ್ತಷ್ಟು ಮೃದು. ಗೋಳಗುಮ್ಮಟದೊಳಗೆ ಒಮ್ಮೆ ಕೂಗಿದ್ದು ಏಳು ಸಲ ಮರಳಿ ಕೇಳುವಂತೆ ಈ ವಾಕ್ಯ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಮರಳುತ್ತಲೇ ಇದೆ. ಅಸಲು ಸಂಗತಿ: ಹಲವು ಬ್ರ್ಯಾಂಡುಗಳ ಫ್ರೇಮುಗಳು ತೈವಾನ್, ಚೀನಾಗಳ ಕೆಲವೇ ಕಾರ್ಖಾನೆಗಳಲ್ಲಿ ತಯಾರಾಗಿ, ಬೇರೆ ಬೇರೆ ಹೆಸರು ಹಚ್ಚಿಕೊಂಡು ಹೊರಬೀಳುತ್ತವೆ. ಕುಂಡೆಗೆ ತಟ್ಟುವ ಮೃದುತ್ವದ ಬಹುಪಾಲು ಬರುವುದು ಟೈರಿನಿಂದ. 25ರ ಬದಲು 28 ಮಿಲಿಮೀಟರಿನ ಟೈರು ಹಾಕಿ ಗಾಳಿಯನ್ನು ಚೂರು ಇಳಿಸಿದರೆ ಆಗುವ ಸುಖದ ಮುಂದೆ ‘ಅ’, ‘ಆ’ ಫ್ರೇಮುಗಳ ನಡುವಿನ ಸುಖಾಂತರ ಗಣನೆಗೇ ಬರದು. ಪಂಪು ಎಲ್ಲಿದೆ ಎಂದು ಕೇಳುವ ಹುಡುಗನೇ ಈ ಪ್ರಕರಣದ ನಿಜವಾದ ಸಿದ್ಧಾಂತಿ.

ಚತುರ್ಥ ಪ್ರಕರಣ, ಗೇರುಭೇದ. (ವಾಯುಭೇದವನ್ನು ದಾಟಿದ್ದೇನೆ. ತಾಸಿಗೆ 40 ಕಿಲೋಮೀಟರ್ ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಸವಾರನ ಶಕ್ತಿಯ ಬಹುಪಾಲನ್ನು ಗಾಳಿ ತಿನ್ನುತ್ತದೆ. ಅದರಲ್ಲೂ ದೊಡ್ಡ ಪಾಲು ಸವಾರನ ಮೈಯದು, ಸೈಕಲ್ಲಿನದಲ್ಲ. ಮೊಣಕೈ ಮಡಚಿ ತಲೆ ತಗ್ಗಿಸುವ ವಿದ್ಯೆ ಧರ್ಮಕ್ಕೆ ಸಿಗುವುದರಿಂದ ಅದರ ಮೇಲೆ ಗ್ರಂಥ ಬರೆಯುವುದು ಲಾಭದಾಯಕವಲ್ಲ.) ಗೇರುಗಳಲ್ಲಿ ಶ್ರೇಣಿಯುಂಟು. ಜಪಾನಿನ ಶಿಮಾನೊ ಕಂಪನಿ ಬಹುಕಾಲ ಪಾಲಿಸಿದ ಕ್ರಮ ಹೀಗೆ: ತಳದಲ್ಲಿ ಎಂಟು ಹಲ್ಲುಚಕ್ರದ ಕ್ಲಾರಿಸ್, ಅದರ ಮೇಲೆ ಒಂಬತ್ತರ ಸೋರಾ, ಹತ್ತರ ಟಿಯಾಗ್ರಾ, ಆಮೇಲೆ 105, ಅಲ್ಟೆಗ್ರಾ, ತುತ್ತತುದಿಯಲ್ಲಿ ಡ್ಯೂರಾ ಏಸ್. ಮೇಲಿನವನು ಕೆಳಗಿನವನ ಪಕ್ಕ ಸೈಕಲ್ ನಿಲ್ಲಿಸುವುದಿಲ್ಲ. ಎದುರಾದವನ ಮುಖ ನೋಡುವ ಮೊದಲು ಹಿಂದಿನ ಗೇರು ನೋಡಿ ಕುಲ ನಿರ್ಧರಿಸುತ್ತಾರೆ. ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವ ಜಿಲ್ಲೆಯಲ್ಲಿ ಕೂತು ಬಿಡಿಭಾಗಗಳ ಜಾತಿಪದ್ಧತಿ ವಿವರಿಸುವ ಗತಿ ಬಂತಲ್ಲ ಎಂದು ಲೇಖನಿ ಇಲ್ಲಿ ಸ್ವಲ್ಪ ಹೊತ್ತು ನಿಂತಿತು. ‘ಅ’ದಲ್ಲಿ ಇರುವುದು ಸೋರಾ, ‘ಆ’ದಲ್ಲಿ ಟಿಯಾಗ್ರಾ. ಹಿಂದೆ ಒಂದು ಹಲ್ಲುಚಕ್ರ ಹೆಚ್ಚು. ಸಮತಟ್ಟು ರಸ್ತೆಯಲ್ಲಿ ಒಂದೇ ಹದದಲ್ಲಿ ತುಳಿಯಲು ಅನುಕೂಲವೇ, ಸುಳ್ಳಲ್ಲ. ಆದರೆ ಚೈನಿಗೆ ಎಣ್ಣೆ ಕಾಣಿಸದ ಟಿಯಾಗ್ರಾವನ್ನು ಒರೆಸಿಟ್ಟ ಸೋರಾ ಎಂದಿಗೂ ಹಿಂದೆ ಹಾಕುತ್ತದೆ.

ಉಳಿದ ಭೇದಗಳನ್ನು ಓದುಗರು ತಾವೇ ಕಲ್ಪಿಸಿಕೊಳ್ಳತಕ್ಕದ್ದು. ಲೇಖಕನಿಗೆ ಬೇಸರವಾಗಿದೆ. ವರ್ಣಭೇದವೊಂದನ್ನು ಮಾತ್ರ ಹೇಳಿಬಿಡುತ್ತೇನೆ: ಹುಡುಗ ಅಂಗಡಿಯ ಬಾಗಿಲಲ್ಲೇ ಕೆಂಪಿನದನ್ನು ನೋಡಿ ತೀರ್ಮಾನಿಸಿಯಾಗಿದೆ. ಉಪನ್ಯಾಸ ಕೇಳುತ್ತಿರುವುದು ಅಪ್ಪನ ಸಮಾಧಾನಕ್ಕೆ.

ಇಲ್ಲಿ ಪ್ರಾಚೀನರ ಸಾಕ್ಷ್ಯವೊಂದನ್ನು ತರದಿದ್ದರೆ ಪ್ರಬಂಧಕ್ಕೆ ಪದವಿ ಸಿಗದು. ಭಾಸ್ಕರಾಚಾರ್ಯ ನಮ್ಮ ವಿಜಯಪುರದವನೇ ಎಂದು ವಾದಿಸುವ ವಿದ್ವಾಂಸರಿದ್ದಾರೆ, ಅಲ್ಲವೆನ್ನುವವರೂ ಇದ್ದಾರೆ. ಅವನು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಟೊಳ್ಳು ಅರಗಳಲ್ಲಿ ಅರ್ಧ ಪಾದರಸ ತುಂಬಿ ತನ್ನಷ್ಟಕ್ಕೆ ತಾನೇ ತಿರುಗುವ ಚಕ್ರವೊಂದನ್ನು ವರ್ಣಿಸಿದ್ದಾನೆ. ಅಂಥ ಚಕ್ರ ತಿರುಗುವುದಿಲ್ಲವೆಂದು ಭೌತಶಾಸ್ತ್ರ ಹೇಳುತ್ತದೆ, ಇರಲಿ. ‘ಬಿಗಿಯೂ ಹೌದು ಮೃದುವೂ ಹೌದು’ ಎಂಬ ಫ್ರೇಮನ್ನು ನಂಬುವವರು ಇದನ್ನೂ ನಂಬಬಹುದು. ಇನ್ನು ಪಾಶ್ಚಾತ್ಯ ಸಾಕ್ಷ್ಯ: ಸ್ಕಾಟ್ಲೆಂಡಿನ ಗ್ರೇಮ್ ಒಬ್ರೀ ಎಂಬಾತ ಬಟ್ಟೆ ಒಗೆಯುವ ಯಂತ್ರದ ಬೇರಿಂಗು ಜೋಡಿಸಿ ತಾನೇ ಕಟ್ಟಿಕೊಂಡ ಸೈಕಲ್ ತುಳಿದು 1993ರ ಜುಲೈಯಲ್ಲಿ ನಾರ್ವೆಯ ಹಾಮಾರಿನಲ್ಲಿ ಒಂದು ತಾಸಿಗೆ 51.596 ಕಿಲೋಮೀಟರ್ ಸಾಗಿ ವಿಶ್ವದಾಖಲೆ ಮಾಡಿದ. ಅಂತರರಾಷ್ಟ್ರೀಯ ಒಕ್ಕೂಟದವರು ಆಮೇಲೆ ಅವನು ಕೂರುವ ಭಂಗಿಯನ್ನೇ ನಿಷೇಧಿಸಿದರು. ಆದರೆ ಒಬ್ರೀಗೆ ಹಾಮಾರಿನಲ್ಲಿ ತುಳಿಯಲು ಟ್ರ್ಯಾಕ್ ಇತ್ತು.

ಟ್ರ್ಯಾಕ್ ಎಂದೊಡನೆ ನನ್ನ ಶಾಸ್ತ್ರಭಾಷೆ ಕೈಕೊಡುತ್ತದೆ. ಸೈಕಲ್ಲಿನ ತವರೆಂದು ಎಲ್ಲ ಮಂತ್ರಿಗಳೂ ಭಾಷಣ ಮಾಡುವ ವಿಜಯಪುರದಲ್ಲಿ ವೆಲೋಡ್ರೋಮಿನ ಕಾಮಗಾರಿ ವರ್ಷಾನುಗಟ್ಟಲೆ ಕುಂಟಿತು. ಅದು ಮುಗಿಯುವುದನ್ನು ಕಾಯುತ್ತ ಜೂನಿಯರ್ ಆಗಿದ್ದವರು ಸೀನಿಯರ್ ಆದರು, ಸೀನಿಯರ್ ಆಗಿದ್ದವರು ನೌಕರಿ ಹುಡುಕಿಕೊಂಡು ಹೋದರು. ಬಾಗಿದ ಟ್ರ್ಯಾಕ್ ಮೇಲೆ ತುಳಿಯುವುದನ್ನು ನಮ್ಮ ಮಕ್ಕಳು ಹೆದ್ದಾರಿಯ ಅಂಚಿನಲ್ಲಿ ಕಲಿಯಬೇಕಾಗಿ ಬಂತು. 2006–07ರಲ್ಲಿ ಸುರುವಾದ, ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ ಕೋವಿಡ್ ಕಾಲದಲ್ಲಿ ನಿಂತಿತು. ಅದು ಓಡುವ ಸೈಕಲ್ ಅಲ್ಲ, ಬ್ರೇಕು ಮೊದಲ ತಿಂಗಳಲ್ಲೇ ಕಳಚುತ್ತಿತ್ತು, ನಿಜ. ಆದರೆ ಎಷ್ಟೋ ಹೆಣ್ಣುಮಕ್ಕಳು ಮನೆಯಿಂದ ಹೈಸ್ಕೂಲಿಗೆ ದಿನಾ ತುಳಿದು ಕಾಲು ಗಟ್ಟಿ ಮಾಡಿಕೊಂಡದ್ದು ಅದರ ಮೇಲೆಯೇ. ಆಚೆ, 2023ರ ಕೇಂದ್ರ ಬಜೆಟ್ಟು ಹೊರದೇಶದಿಂದ ಬರುವ ಸೈಕಲ್ಲಿನ ಮೇಲಿನ ಸುಂಕವನ್ನು ಶೇ 30ರಿಂದ 35ಕ್ಕೆ ಏರಿಸಿತು. ರೇಸಿನ ಸೈಕಲ್ ಶ್ರೀಮಂತರ ಆಟಿಕೆ ಎಂಬುದು ಅವರ ಲೆಕ್ಕ. ಸಿಂದಗಿ ಸೀಮೆಯ ತೊಗರಿ ಬೆಳೆಗಾರನ ಮನೆಯಲ್ಲಿ ಅದು ಸಾಲ. ಮಗ ಗೆದ್ದರೆ ರೇಲ್ವೆಯಲ್ಲೋ ಸೈನ್ಯದಲ್ಲೋ ಕ್ರೀಡಾ ಕೋಟಾದ ನೌಕರಿ. ಸೋತರೆ ಜಂತಿಗೆ ತೂಗುಹಾಕಿದ ಲಕ್ಷ ರೂಪಾಯಿಯ ಫ್ರೇಮು.

ಎರಡು ಸೈಕಲ್ಲುಗಳಲ್ಲಿ ಯಾವುದು ಎಂಬ ಪ್ರಶ್ನೆಯನ್ನು ನಮ್ಮ ಹುಡುಗರಲ್ಲಿ ಹೆಚ್ಚಿನವರು ಯಾವತ್ತೂ ಎದುರಿಸುವುದಿಲ್ಲ. ಅವರಿಗೆ ಬರುವುದು ಅಣ್ಣ ತುಳಿದದ್ದು, ಹಾಸ್ಟೆಲಿನ ಸೀನಿಯರ್ ಮಾರಿದ್ದು, ಮೂರನೆಯ ಕೈಯದು. ಐದಡಿಯ ಹುಡುಗಿಗೆ ಆರಡಿಯವನ ಫ್ರೇಮು. ಸೀಟು ತಳಕ್ಕೆ ಇಳಿಸಿದರೂ ಪೆಡಲು ತುದಿಗಾಲಿಗೆ ಸಿಗುತ್ತದೆ. ಎರಡು ವರ್ಷದಲ್ಲಿ ಮೊಣಕಾಲು, ಸೊಂಟ ಹಿಡಿಯುತ್ತದೆ. ಆಯ್ಕೆ ಶಿಬಿರದಲ್ಲಿ “ಫಾರ್ಮ್ ಇಲ್ಲ” ಎಂದು ಬರೆದು ಕಳಿಸುತ್ತಾರೆ. ಫಾರ್ಮ್ ಇಲ್ಲದ್ದು ಅವಳಿಗಲ್ಲ. ಅಳತೆಗೆ ಸರಿಯಾದ ಸೈಕಲ್ ಕೊಡುವ ಬುದ್ಧಿ ನಿಮಗಿರಲಿಲ್ಲ. ಐದು ಮಿಲಿಮೀಟರಿನ ಸ್ಟ್ಯಾಕಿನ ಮೇಲೆ ಮುಕ್ಕಾಲು ತಾಸು ಮಾತಾಡಿದ ತಜ್ಞ ಅಂಗಡಿಗೆ ಬಂದಿದ್ದ ಆ ಹುಡುಗನ ಕಾಲಿನ ಒಳ ಅಳತೆಯನ್ನು ಒಂದು ಟೇಪು ಹಿಡಿದು ನೋಡಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಅಪಾದಾನನು ನನ್ನ ಕಡೆ ತಿರುಗಿ “ಯಾವುದು ತಗೊಳ್ಳೂಣ್ರೀ?” ಎಂದಾಗ ಹೇಳಿದ್ದನ್ನೇ ಇಲ್ಲಿ ನಿರ್ಣಯ ಪ್ರಕರಣವೆಂದು ಬರೆದಿಡುತ್ತೇನೆ. ಹುಡುಗನನ್ನು ಎರಡರ ಮೇಲೂ ಕೂರಿಸು. ಕೆಳಗೆ ಬಂದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು, ಸೊಂಟ ಆಚೀಚೆ ವಾಲಬಾರದು. ಹ್ಯಾಂಡಲ್ ಹಿಡಿದಾಗ ಕುತ್ತಿಗೆ ಹಗುರಿರಬೇಕು. ಯಾವುದು ಅಳತೆಗೆ ಒಗ್ಗುತ್ತದೋ ಅದು. ಎರಡೂ ಒಗ್ಗಿದರೆ ಅಗ್ಗದ್ದು. ಉಳಿದ ಇಪ್ಪತ್ತು ಸಾವಿರದಲ್ಲಿ ಚಲೋ ಟೈರು, ನಾಲ್ಕು ಟ್ಯೂಬು, ಪಂಪು, ಹೆಲ್ಮೆಟ್ಟು, ಹಿಂದಿನ ಲೈಟು, ಮಿಕ್ಕಿದ್ದಕ್ಕೆ ಹಾಲು, ತತ್ತಿ, ಶೇಂಗಾ. ಹುಡುಗ ಕೆಂಪಿನದನ್ನೇ ಹಿಡಿದು ನಿಂತಿದ್ದ. ಪುಣ್ಯಕ್ಕೆ ಕೆಂಪಿನದೇ ‘ಅ’.

ಲೈಟಿನ ಮಾತು ಸುಮ್ಮನೆ ಹೇಳಿದ್ದಲ್ಲ. ನಮ್ಮ ಹುಡುಗರು ರಸ್ತೆಗೆ ಇಳಿಯುವುದು ಬೆಳಗಿನ ಐದಕ್ಕೆ, ಬಿಸಿಲೇರುವ ಮುಂಚೆ. ಕಬ್ಬಿನ ಹಂಗಾಮಿನಲ್ಲಿ ಅದೇ ಹೊತ್ತಿಗೆ ಭೀಮಾ ತೀರದ ಹೊಲಗಳಿಂದ ಕಾರ್ಖಾನೆಗೆ ಟ್ರ್ಯಾಕ್ಟರುಗಳು ಹೊರಟಿರುತ್ತವೆ, ಒಂದಕ್ಕೆ ಎರಡೆರಡು ಟ್ರೇಲರು, ಅಗಲಕ್ಕೆ ಹೊರಚಾಚಿದ ಕಬ್ಬು, ಹಿಂದೆ ದೀಪವಿಲ್ಲ, ರೇಡಿಯೋ ಮಾತ್ರ ಜೋರು. ತಲೆ ತಗ್ಗಿಸಿ ತುಳಿಯುವವನಿಗೆ ಅದು ಕಾಣುವುದು ಬಹಳ ಹತ್ತಿರ ಬಂದಾಗ. ಬಾಟಲಿ ಸಿಕ್ಕಿಸುವ ಪಂಜರಕ್ಕಿಂತ ಕಡಿಮೆ ಬೆಲೆಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಸಿಗುತ್ತದೆ. ನವೆಂಬರಿನಲ್ಲಿ ಕಾರ್ಖಾನೆಯ ಹೊಗೆ ಏಳುವುದರೊಳಗೆ ಕಬ್ಬಿನ ಚೀಟಿ ಕೊಡುವವರು, ಟ್ರ್ಯಾಕ್ಟರಿನ ಮಾಲೀಕರು, ಠಾಣೆಯವರು, ಯಾರಾದರೂ ಸರಿ, ಟ್ರೇಲರುಗಳ ಬೆನ್ನಿಗೆ ಅದನ್ನು ಹಚ್ಚಿಸಿರಿ.