ಬಾಣಂತಿ ಕೋಣೆಯ ಹೆಡ್‌ಮಾಸ್ತರು

ಕುಮಟಾದಿಂದ ಭಟ್ಕಳದವರೆಗೆ ಹೆದ್ದಾರಿ 66ರ ಯಾವ ಪಕ್ಕದ ಓಣಿಗೆ ತಿರುಗಿದರೂ ಒಬ್ಬ ನಿವೃತ್ತ ಮಾಸ್ತರು ಸಿಕ್ಕೇ ಸಿಗುತ್ತಾರೆ. ಅವರ ಮಗಳು ಬೆಂಗಳೂರಿನಿಂದ ಬಾಣಂತನಕ್ಕೆ ಬಂದಿದ್ದಾಳೋ ಇಲ್ಲವೋ ಎಂಬುದನ್ನು ಗೇಟಿನ ಹೊರಗೆ ನಿಂತೇ ಹೇಳಬಹುದು. ಬಂದಿದ್ದರೆ ಜಗಲಿಯ ಕುರ್ಚಿ ರಸ್ತೆಯ ಕಡೆಗಿರುವುದಿಲ್ಲ, ಒಳಬಾಗಿಲ ಕಡೆ ತಿರುಗಿರುತ್ತದೆ. ಮಾಸ್ತರ ತೊಡೆಯ ಮೇಲೆ ಸೊಸೈಟಿಯವರು ಯಾವುದೋ ವರ್ಷ ಪುಕ್ಕಟೆ ಕೊಟ್ಟ ಡೈರಿ, ಕಿವಿಯ ಸಂದಿಯಲ್ಲಿ ಪೆನ್ನು, ಕಣ್ಣು ಗೋಡೆಯ ಗಡಿಯಾರದ ಮೇಲೆ. ಒಳಗೆ ಕೂಸು ‘ಕುಂಯ್’ ಅಂದರೆ ಸಾಕು, ಪೆನ್ನು ಕಿವಿಯಿಂದ ಇಳಿಯುತ್ತದೆ.

ಮೂವತ್ತು ಚಿಲ್ಲರೆ ವರ್ಷ ಗಂಟೆ ಹೊಡೆಸಿಯೇ ಜೀವನ ಮಾಡಿದ ಮನುಷ್ಯ. ಸ್ವಂತ ಮಕ್ಕಳು ಯಾವಾಗ ಹಾಲು ಕುಡಿದವು, ಯಾವಾಗ ಮಲಗಿದವು ಎಂದು ಕೇಳಿ ನೋಡಿ, ಗೊತ್ತಿಲ್ಲ. ಆಗ ಜನಗಣತಿ ಇತ್ತು, ಚುನಾವಣೆ ಡ್ಯೂಟಿ ಇತ್ತು, ಪೇಪರ್ ತಿದ್ದಲು ಹೋಗುವುದಿತ್ತು. ಈ ಗಡಿಬಿಡಿಯ ನಡುವೆ ಮಕ್ಕಳು ಹೇಗೋ ದೊಡ್ಡವಾಗಿಬಿಟ್ಟವು. ಈಗ ಅವರಿಗೆ ಜನಗಣತಿಯೂ ಇಲ್ಲ, ಪೇಪರೂ ಇಲ್ಲ. ಮನೆಯಲ್ಲಿ ಒಬ್ಬಳೇ ಒಬ್ಬಳು ವಿದ್ಯಾರ್ಥಿನಿ ಇದ್ದಾಳೆ, ಅವಳಿಗಿನ್ನೂ ಹೆಸರೂ ಇಟ್ಟಿಲ್ಲ.

ಡೈರಿಯ ಪುಟ ನೋಡಬೇಕು. ಅಡಿಪಟ್ಟಿ ಇಟ್ಟು ಕೆಂಪು ಶಾಯಿಯಲ್ಲಿ ಗೆರೆ ಹೊಡೆದಿದ್ದಾರೆ. ಕ್ರಮಸಂಖ್ಯೆ, ವೇಳೆ, ಅವಧಿ, ಒಂದು, ಎರಡು, ನಿದ್ದೆ, ಷರಾ. ‘ಒಂದು’, ‘ಎರಡು’ ಎಂದರೆ ಕ್ಲಾಸಿನಲ್ಲಿ ಬೆರಳೆತ್ತಿ ಕೇಳುತ್ತಿದ್ದೆವಲ್ಲ, ಅವೇ. ಬೆರಳೆತ್ತದೆ, ಅಪ್ಪಣೆ ಕೇಳದೆ ಮುಗಿಸಿಬಿಡುವ ವಿದ್ಯಾರ್ಥಿಯನ್ನು ಮಾಸ್ತರು ಸೇವಾವಧಿಯಲ್ಲಿ ಕಂಡಿರಲಿಲ್ಲ.

ದೊಡ್ಡ ತೊಡಕು ಬಂದದ್ದು ಯಾವ ಬದಿಯ ಹಾಲು ಕೊಟ್ಟದ್ದು ಎಂದು ಬರೆಯುವಲ್ಲಿ. ಬೆಳೆದ ಮಗಳ ಹತ್ತಿರ ಅದನ್ನು ಕೇಳುವುದು ಹೇಗೆ? ಹೆಂಡತಿಯ ಹತ್ತಿರ ಕೇಳಲೂ ನಾಲಿಗೆ ಏಳದು. ಕೊನೆಗೆ ಭೂಗೋಳ ಕೈಹಿಡಿಯಿತು. ಬಾಣಂತಿ ದಕ್ಷಿಣಕ್ಕೆ ತಲೆ ಹಾಕಿ ಮಲಗಿದ್ದಾಳೆ. ಹಾಗಾದರೆ ಎಡಗಡೆ ಎಂದರೆ ಕಡಲ ಬದಿ, ಬಲಗಡೆ ಎಂದರೆ ಘಟ್ಟದ ಬದಿ. ಡೈರಿಯಲ್ಲಿ ‘ಕ’ ಮತ್ತು ‘ಘ’. “ಈಗ ಕಡಲೋ, ಘಟ್ಟವೋ?” ಎಂದು ಜಗಲಿಯಿಂದ ಪ್ರಶ್ನೆ, “ಘಟ್ಟ” ಎಂದು ಒಳಗಿಂದ ಉತ್ತರ. ಹಾಲು ಒಯ್ಯಲು ಬಂದ ಪಕ್ಕದ ಮನೆಯವರು ಇದು ಹವಾಮಾನದ ವಿಚಾರ ಇರಬೇಕೆಂದು ಕೊಡೆ ತರಲು ವಾಪಸು ಹೋದದ್ದೂ ಉಂಟು. ಎಲ್ಲ ಸರಿಯಾಗಿಯೇ ನಡೆದಿತ್ತು. ಆಷಾಢದ ಮಳೆಗೆ ಹಂಚು ಸೋರಿ, ಕೂಸಿನ ಅಜ್ಜಿ ಮಂಚವನ್ನು ಉತ್ತರ ದಕ್ಷಿಣ ಬದಲಿಸಿದ್ದನ್ನು ಯಾರೂ ಮಾಸ್ತರಿಗೆ ಹೇಳಲಿಲ್ಲ. ನಾಲ್ಕು ದಿನದ ದಾಖಲೆಯಲ್ಲಿ ಸಹ್ಯಾದ್ರಿ ಅರಬ್ಬಿ ಸಮುದ್ರಕ್ಕೆ ಬಿದ್ದಿತ್ತು.

ಬರೆದುಕೊಳ್ಳುವುದಷ್ಟೇ ಆಗಿದ್ದರೆ ಯಾರ ತಕರಾರೂ ಇರಲಿಲ್ಲ. ಮಾಸ್ತರು ವೇಳಾಪಟ್ಟಿಯನ್ನೂ ಹಾಕಿದರು: ಆರಕ್ಕೆ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ. ನಡುವೆ ಅತ್ತರೆ ಅದು ಅಶಿಸ್ತು. ಈ ಹುಕಿ ಅವರೊಬ್ಬರದೇ ಅಲ್ಲ ಎಂಬುದನ್ನು ಅವರ ಪರವಾಗಿ ಹೇಳಬೇಕು. ನೂರು ವರ್ಷದ ಹಿಂದೆ ನ್ಯೂಜಿಲೆಂಡಿನಲ್ಲಿ ಟ್ರೂಬಿ ಕಿಂಗ್ ಎಂಬ ಡಾಕ್ಟರು ನಾಲ್ಕು ತಾಸಿಗೊಮ್ಮೆ ಹಾಲು, ರಾತ್ರಿ ಏನೂ ಇಲ್ಲ ಎಂದು ಸಾರಿ, 1907ರಲ್ಲಿ ಅದಕ್ಕೊಂದು ಸಂಸ್ಥೆಯನ್ನೇ ಕಟ್ಟಿದರು. ಇಂಗ್ಲೆಂಡಿನ ತಾಯಂದಿರೂ ಗಡಿಯಾರ ನೋಡಿ ಎದೆಗೆ ಹಾಕಿಕೊಳ್ಳತೊಡಗಿದರು. ಮಜಾ ಎಂದರೆ, ಈ ಡಾಕ್ಟರಿಗೆ ಕೂಸುಗಳ ಮೇಲೆ ಗಮನ ಹರಿಯುವ ಮೊದಲು ಅವರ ಪ್ರಯೋಗ ನಡೆದದ್ದು ಅವರು ನೋಡಿಕೊಳ್ಳುತ್ತಿದ್ದ ಹುಚ್ಚಾಸ್ಪತ್ರೆಯ ತೋಟದಲ್ಲಿ, ಬಕೆಟ್ಟಿನಲ್ಲಿ ಹಾಲು ಕುಡಿಯುವ ಕರುಗಳ ಮೇಲೆ. ಈ ಕತೆಯನ್ನು ನಾನು ಅಜ್ಜಿಗೆ ಹೇಳಿದೆ. ಅಜ್ಜಿ ಕೊಟ್ಟಿಗೆಯ ಕಡೆ ನೋಡಿ, “ನಾವು ಕರುವಿಗೂ ಹಾಗೆ ಮಾಡೂದಿಲ್ಲಪ್ಪ” ಅಂದರು.

ಅಜ್ಜಿಯ ಬಳಿ ಡೈರಿ ಇಲ್ಲ. ಬಚ್ಚಲ ಹಂಡೆ ಇದೆ. ಬೆಳಿಗ್ಗೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಕಾಲು ಚಾಚಿ ಮಣೆಯ ಮೇಲೆ ಕೂತು, ಕಾಲಿನ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಬೆನ್ನಿಗೆ ಅಂಗೈಯಿಂದ ತಟ್ಟಿ ನೀರು ಹೊಯ್ದರೆ, ಆ ಕೂಗು ಮೂರು ಮನೆಗೆ ಕೇಳುತ್ತದೆ. ಆಮೇಲೆ ಹಳೆಯ ಪಂಚೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಟ್ಟರೆ, ಹಾಲು ಕುಡಿಯುತ್ತಲೇ ಕಣ್ಣು ಮುಚ್ಚಿ ಎರಡು ಮೂರು ತಾಸು ಉಸಿರೆತ್ತುವುದಿಲ್ಲ. ಬುಟ್ಟಿ ಕವುಚಿ ಕೆಳಗೆ ಕೆಂಡ ಇಟ್ಟು ಒಣಗಿಸಿದ ಲಂಗೋಟಿಯ ಘಮ ಬೇರೆ. ಮಾಸ್ತರು ಆ ನಿದ್ದೆಯನ್ನು ‘ವೇಳಾಪಟ್ಟಿಯ ಪರಿಣಾಮ’ ಎಂದು ಷರಾದಲ್ಲಿ ಬರೆದುಕೊಳ್ಳುತ್ತಾರೆ.

ರಾತ್ರಿಯ ಕತೆ ಬೇರೆ. ಹುಟ್ಟಿದ ಕೂಸು ದಿನಕ್ಕೆ ಹದಿನಾಲ್ಕರಿಂದ ಹದಿನೇಳು ತಾಸು ಮಲಗುತ್ತದೆ, ನಿಜ. ಆದರೆ ಚೂರು ಚೂರಾಗಿ ಮಲಗುತ್ತದೆ. ಹಗಲು ರಾತ್ರಿಯ ಭೇದ ಅದಕ್ಕೆ ತಿಳಿಯಲು ಕೆಲವು ತಿಂಗಳೇ ಬೇಕು. ಯಕ್ಷಗಾನ ಮೇಳದವರಂತೆ ಹಗಲೆಲ್ಲ ಮಲಗಿ, ಊರು ಮಲಗಿದ ಮೇಲೆ ಚಂಡೆ. ಮೇಳದವರಾದರೂ ಮಳೆಗಾಲಕ್ಕೆ ಗೆಜ್ಜೆ ಬಿಚ್ಚುತ್ತಾರೆ. “ಮೂರರ ಹಾಲು ಎರಡೂ ಹತ್ತಕ್ಕೇ ಯಾಕೆ?” ಎಂದು ಮಾಸ್ತರು ನಡುರಾತ್ರಿ ಜಗಲಿಯಿಂದ ವಿಚಾರಣೆ ಶುರುಮಾಡಿದರೆ ಅಜ್ಜಿಯ ಉತ್ತರ: “ಕೊಂಕಣ ರೈಲಿಗೇ ಮಳೆಗಾಲಕ್ಕೆ ಬೇರೆ ಟೈಂಟೇಬಲ್ ಉಂಟು. ಇದು ಜೂನ್‌ನಲ್ಲಿ ಹುಟ್ಟಿದ ಕೂಸು. ಸುಮ್ನೆ ಮಲಗಿ.”

ಮಾಸ್ತರ ಆಡಳಿತಕ್ಕೆ ಪೆಟ್ಟು ಬಿದ್ದದ್ದು ಆಶಾ ಕಾರ್ಯಕರ್ತೆಯಿಂದ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಅವರು ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ಬರಬೇಕು. ಈ ತಾರೀಖುಗಳ ಶಿಸ್ತು ಕಂಡು ಮಾಸ್ತರಿಗೆ ಅಪಾರ ಗೌರವ ಹುಟ್ಟಿತ್ತು. ಬಂದವಳು ಅವರದೇ ಹಳೆಯ ಶಿಷ್ಯೆ, ಏಳನೇ ಇಯತ್ತೆಯಲ್ಲಿ ಕೊನೆಯ ಬೆಂಚು. ಜೋಳಿಗೆಯ ತಕ್ಕಡಿಯಲ್ಲಿ ಕೂಸನ್ನು ತೂಗಿದಳು. ಹುಟ್ಟಿದಾಗಿನದಕ್ಕಿಂತ ಕಡಿಮೆ! ಮೂರೇ ದಿನಕ್ಕೆ ಹಿಂದೆ ಬಿದ್ದಳಲ್ಲ, ವಿಶೇಷ ತರಗತಿ ತೆಗೆದುಕೊಳ್ಳಬೇಕೇ ಎಂಬಂತೆ ಮಾಸ್ತರು ಕನ್ನಡಕ ತೆಗೆದರು.

“ಸರ್, ಮೊದಲು ಸ್ವಲ್ಪ ಇಳೀತದೆ, ಎಲ್ಲಾ ಕೂಸಿಗೂ. ಎರಡು ವಾರದೊಳಗೆ ವಾಪಸು ಬರ್ತದೆ.”

ಮಾಸ್ತರು ವೇಳಾಪಟ್ಟಿ ತೋರಿಸಿದರು. ಅವಳು ಓದಿದಳು, ನಗು ತಡೆದುಕೊಂಡಳು.

“ಹೀಗಲ್ಲ ಸರ್. ಕೂಸು ಕೇಳಿದಾಗೆಲ್ಲಾ ಕೊಡ್ಬೇಕು. ದಿನಕ್ಕೆ ಎಂಟರಿಂದ ಹನ್ನೆರಡು ಸಲ. ರಾತ್ರಿನೂ. ಅತ್ತ ಮೇಲಲ್ಲ, ಬಾಯಿ ಚಪ್ಪರಿಸಿದ್ರೆ, ಕೈ ಬಾಯಿಗೆ ಹಾಕ್ಕೊಂಡ್ರೆ ಕೊಡ್ಬೇಕು.”

ಕೊನೆಯ ಬೆಂಚಿನವಳಿಂದ ಪಾಠ. ಒಳಗಿಂದ ಅಜ್ಜಿ ಕೆಮ್ಮಿದರು, ಅದು ಕೆಮ್ಮಲ್ಲ. ಅಜ್ಜಿಗೂ ಬಾಕಿ ಇತ್ತು. ಕೂಸಿಗೆ ಜೇನು ನೆಕ್ಕಿಸಬಾರದು, ವರ್ಷ ತುಂಬುವವರೆಗೆ. ಆರು ತಿಂಗಳವರೆಗೆ ನೀರೂ ಬೇಡ, ತಾಯಿಹಾಲು ಮಾತ್ರ. ಲೋಭಾನದ ಹೊಗೆ ಹಾಕಬೇಡಿ, ಉಸಿರಿಗೆ ಕೆಟ್ಟದ್ದು. ಅಜ್ಜಿ ಜೇನನ್ನು ಬಿಟ್ಟುಕೊಟ್ಟರು, ಹೊಗೆಯ ವಿಚಾರಕ್ಕೆ ಮಾತ್ರ “ನೋಡ್ವ” ಅಂದರು. ಹೊರಡುವಾಗ ಶಿಷ್ಯೆ ಡೈರಿಯಲ್ಲಿ ಒಂದು ಕಾಲಮಿನ ಮೇಲೆ ಬೆರಳಿಟ್ಟಳು. “ಇದೊಂದು ಬರೀತಾ ಇರಿ ಸರ್. ವಾರ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಒಂದಕ್ಕೆ ಹೋದ್ರೆ ಹಾಲು ಸಾಕಾಗ್ತದೆ ಅಂತ ಲೆಕ್ಕ.” ಅಷ್ಟು ಗೆರೆ ಹೊಡೆದದ್ದರಲ್ಲಿ ಪಾಸಾದದ್ದು ಅದೊಂದೇ.

ಮಾಸ್ತರೊಬ್ಬರೇ ಅಲ್ಲ. ಕುಮಟಾದ ಅವರ ಸ್ನೇಹಿತರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಮೊಮ್ಮಗನಿಗೆ ಜಮಾ ಖರ್ಚು ಬರೆಯುತ್ತಾರೆ, ಸಂಜೆ ಎಂದೂ ತಾಳೆಯಾಗುವುದಿಲ್ಲ, ಖರ್ಚೇ ಹೆಚ್ಚು. ಭಟ್ಕಳದಲ್ಲಿ ಈ ಹುದ್ದೆ ಅಜ್ಜನಿಗಲ್ಲ, ದುಬೈಯಲ್ಲಿರುವ ಅಪ್ಪನಿಗೆ. ಅವನು ತೊಟ್ಟಿಲ ಮೇಲೆ ಕ್ಯಾಮೆರಾ ಕೂರಿಸಿ ಹೋಗಿದ್ದಾನೆ. ಅಂಗಡಿಯಲ್ಲಿ ಗಿರಾಕಿಗೆ ಬಟ್ಟೆ ಬಿಚ್ಚಿ ತೋರಿಸುತ್ತಲೇ ಮನೆಗೆ ಫೋನು: “ಎದ್ದಿದೆ, ಯಾರೂ ನೋಡ್ಲಿಲ್ವಾ?” ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ನಮ್ಮ ನಡುರಾತ್ರಿ ಅವನಿಗೆ ಹತ್ತೂವರೆ, ಊಟ ಮುಗಿಸಿ ಆರಾಮಾಗಿ ಮಗುವಿನೊಂದಿಗೆ ಮಾತಾಡುವ ಹೊತ್ತು. ಕೂಸು ತನ್ನ ಟೈಮಿಗೇ ಎದ್ದಿರುತ್ತದೆ, ಅಪ್ಪನ ಮೇಲೆ ಅಷ್ಟು ಪ್ರೀತಿ ಎಂದು ಅವನ ನಂಬಿಕೆ. ಮನೆಯ ಹೆಂಗಸರು ಜುಲೈಯಲ್ಲಿ ಕ್ಯಾಮೆರಾದ ಕಂಬಕ್ಕೆ ಲಂಗೋಟಿ ಒಣಹಾಕಲು ಶುರುಮಾಡಿದ ಮೇಲೆ ಅವನಿಗೆ ಕಾಣುವುದು ಬಿಳಿ ಪರದೆ. ನೆಟ್‌ವರ್ಕ್ ಸರಿ ಇಲ್ಲ ಎಂದು ಹೇಳಿದ್ದಾರೆ.

ಇನ್ನು ಮಾಸ್ತರ ಅಳಿಯ. ಶನಿವಾರ ಬೆಳಗಿನ ಬಸ್ಸಿಗೆ ಬೆಂಗಳೂರಿನಿಂದ ಇಳಿಯುತ್ತಾನೆ, ಮೊಬೈಲಿನಲ್ಲಿ ಆ್ಯಪ್ ಇಟ್ಟುಕೊಂಡು. ಹೋದ ವಾರ ಮಧ್ಯಾಹ್ನ ಮಾವ ಅಳಿಯ ಜಗಲಿಯಲ್ಲಿ ಎದುರುಬದುರು ಕೂತರು. ಆ್ಯಪಿನ ಪ್ರಕಾರ ಈಗ ಕೂಸು ಎಚ್ಚರಿರಬೇಕು. ಡೈರಿಯ ಪ್ರಕಾರ ಅದಕ್ಕೀಗ ಹಸಿವೆ. ಅಳಿಯ ಗ್ರಾಫು ತೋರಿಸಿದ; ಮಾವ ಹಿಂದಿನ ಪುಟ ತಿರುವಿ ಕಡಲು ಘಟ್ಟದ ಸರಾಸರಿ ತೆಗೆದರು. ದನಿ ಏರತೊಡಗಿತು. ಅಜ್ಜಿ ಬಾಗಿಲಿಗೆ ಬಂದರು.

“ಕೂಸು ಮಿಂದು, ಹಾಲು ಕುಡಿದು, ಮಲಗಿ ತಾಸಾಯ್ತು. ನೀವಿಬ್ರೂ ಸ್ವಲ್ಪ ಮೆತ್ತಗೆ.”

ಮಾವ ಪೆನ್ನು ತೆಗೆದರು, ಅಳಿಯ ಮೊಬೈಲು ಒತ್ತಿದ. ಇಬ್ಬರೂ ಬರೆದುಕೊಂಡರು. ಗೋಡೆಯ ಗಡಿಯಾರ ಮೊಬೈಲಿಗಿಂತ ಏಳು ನಿಮಿಷ ಮುಂದಿತ್ತು. ಯಾವುದು ಸರಿ ಎಂಬ ಚರ್ಚೆ ಪಿಸುಮಾತಿನಲ್ಲಿ ಶುರುವಾಯಿತು.