ಬೆಲ್ಲ ಸವರಿದ ಬಂಡೆ

ನಮ್ಮ ಹೊಸಪೇಟೆಯಲ್ಲಿ ವಯಸ್ಸಾದವರು ಓಡುವುದಕ್ಕೆ ಊರು ಒಪ್ಪಿಕೊಂಡ ಕಾರಣಗಳು ಮೂರೇ. ಒಂದು, ಬಳ್ಳಾರಿ ಬಸ್ಸು ಹೊರಟಿರಬೇಕು. ಎರಡು, ಬೀದಿನಾಯಿ ಹೊರಟಿರಬೇಕು. ಮೂರು, ಡ್ಯಾಮಿನ ಗೇಟು ಹೊರಟಿರಬೇಕು. ಮೂರನೆಯದು ತಮಾಷೆಯಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ಕಡಿದುಕೊಂಡು ಹೋದಾಗ, ಹೊಳೆಯ ಕೆಳಗಿರುವ ಕಂಪ್ಲಿಯಿಂದ ನಮ್ಮ ಬೀಗರು ಫೋನ್ ಮಾಡಿ, "ನಾವು ಓಡಬೇಕೋ, ಮಲಗಬೇಕೋ, ನೀವು ಹೇಳ್ರಿ ಮತ್ತ" ಎಂದು ಕೇಳಿದ್ದರು. ಚೈನಿನ ಇನ್ನೊಂದು ತುದಿ ನನ್ನ ಕೈಯಲ್ಲೇ ಇದೆ ಎಂಬ ಗತ್ತಿನಲ್ಲಿ "ಮಲಗ್ರಿ" ಅಂದೆ. ಬೀಗರು ಮಲಗಿದರು. ನಾನು ಬೆಳಗಿನ ತನಕ ಮಲಗಲಿಲ್ಲ.

ಈ ಮೂರರಲ್ಲಿ ಯಾವುದೂ ಇಲ್ಲದೆ, ಐವತ್ತೆರಡನೇ ವಯಸ್ಸಿನಲ್ಲಿ, ಚಡ್ಡಿ ಹಾಕಿಕೊಂಡು ಬೆಳಗಿನ ಐದಕ್ಕೆ ಓಡುವವನ ಬಗ್ಗೆ ಓಣಿಯವರು ಏನೆಂದುಕೊಳ್ಳಬೇಕು? ಮೊದಲ ವಾರ ಪಾಪ, ಎಲ್ಲರೂ ಬೈಕ್ ನಿಲ್ಲಿಸಿದರು. "ಹತ್ರಿ ಸರ, ಬಸ್ ಸ್ಟ್ಯಾಂಡಿಗೆ ಬಿಡ್ತೀನಿ." ಇಲ್ಲ ಅನ್ನುವುದು ನನ್ನ ಸ್ವಭಾವದಲ್ಲಿಲ್ಲ. ಒಂದು ದಿನ ಹತ್ತಿಯೂಬಿಟ್ಟೆ. ಅವತ್ತು ಮೂರು ಕಿಲೋಮೀಟರನ್ನು ನಾಲ್ಕು ನಿಮಿಷದಲ್ಲಿ ಮುಗಿಸಿದ್ದಕ್ಕೆ ಕೈಗಡಿಯಾರ ಕೊಟ್ಟ ಶಹಭಾಸ್‌ಗಿರಿಯನ್ನು ನಾನಿನ್ನೂ ಅಳಿಸಿಲ್ಲ.

ಆಮೇಲೆ ಊರಿನ ಕಣ್ಣು ತಪ್ಪಿಸಲು ದಾರಿ ಬದಲಿಸುತ್ತಾ ಹೋದೆ. ಜಂಬುನಾಥನ ಗುಡ್ಡಕ್ಕೆ ಹೋದೆ. ಹತ್ತುವಾಗ ದೇವರು ನೆನಪಾಗುತ್ತಾನೆ, ಇಳಿಯುವಾಗ ಮೂಳೆ ಡಾಕ್ಟರು. ಬೀಗರ ಮನೆಗೆ ಹೋದಾಗ ಕಂಪ್ಲಿಯ ಕಾಲುವೆ ದಂಡೆಯ ಮೇಲೆ, ಬಾಳೆ ತೋಟಗಳ ಪಕ್ಕ ಓಡಿದೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುವ ಸೀಮೆ ಇದು. ಐದು ನೂರು ವರ್ಷ ಹಳೆಯ ಕಾಲುವೆಯ ನೀರು ನನ್ನನ್ನು ಹಿಂದೆ ಹಾಕಿ ಮುಂದೆ ಹೋಯಿತು.

ಹಂಪಿಯಲ್ಲಿ ವಿರೂಪಾಕ್ಷ ಬಜಾರಿನ ತುದಿಯಿಂದ ಹೊಳೆಯ ಪಕ್ಕದ ಬಂಡೆಗಳ ನಡುವೆ ವಿಠ್ಠಲನ ಗುಡಿಯವರೆಗೆ ಒಳ್ಳೆಯ ಕಾಲುದಾರಿಯಿದೆ. ಅಲ್ಲಿ ಓಡುವಾಗೆಲ್ಲ ನನಗೆ ಕೃಷ್ಣದೇವರಾಯ ನೆನಪಾಗುತ್ತಾನೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸರ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ: ರಾಯ ದಿನಾ ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೂ ಅದನ್ನೇ ತಿಕ್ಕಿಸಿಕೊಳ್ಳುತ್ತಿದ್ದ, ಭಾರ ಎತ್ತುತ್ತಿದ್ದ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ತಿರುಗಿಸುತ್ತಿದ್ದ, ಜಟ್ಟಿಯ ಜೊತೆ ಕುಸ್ತಿ ಹಿಡಿಯುತ್ತಿದ್ದ, ಕೊನೆಗೆ ಕುದುರೆ ಹತ್ತಿ ಬಯಲಿನಲ್ಲಿ ಬೆಳಕು ಹರಿಯುವವರೆಗೆ ಓಡಿಸುತ್ತಿದ್ದ. ದಯವಿಟ್ಟು ಗಮನಿಸಿ, ಓಡುತ್ತಿದ್ದದ್ದು ಕುದುರೆ. ಇಷ್ಟು ದೊಡ್ಡ ಸಾಮ್ರಾಜ್ಯ ಆಳಿದವನಿಗೂ ತಾನೇ ಓಡಬೇಕು ಅನ್ನಿಸಲಿಲ್ಲ. ಈ ಮಾತನ್ನು ಮನೆಯಲ್ಲಿ ಹೆಂಡತಿಗೆ ಹೇಳಿದೆ. "ಎಳ್ಳೆಣ್ಣೆ ಬೇಕಾದರೆ ತರಸ್ತೀನಿ, ಕುದುರೆ ಆಗಂಗಿಲ್ಲ" ಅಂದಳು.

ಇಷ್ಟಕ್ಕೇ ನಿಂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಮ್ಮ ಆಫೀಸಿಗೆ ಹೊಸದಾಗಿ ಬಂದ ಹುಡುಗನೊಬ್ಬ ಕೆಡಿಸಿದ. ಅವನಿಗೆ ಓಟ ಅಂದರೆ ಅಂಕಿ. ಉಸಿರು ಎಷ್ಟು, ಹೆಜ್ಜೆ ಎಷ್ಟು, ಎದೆ ಎಷ್ಟು ಸಲ ಬಡಿಯಿತು, ಎಲ್ಲವನ್ನೂ ಕ್ಯಾಷಿಯರ್ ನೋಟು ಎಣಿಸಿದ ಹಾಗೆ ಎಣಿಸುತ್ತಾನೆ. "ಸರ್, ರೋಡಲ್ಲಿ ಓಡೋದು ಓಟಾನೇ ಅಲ್ಲ. ಟ್ರೇಲ್ ಓಡಬೇಕು" ಅಂದ.

"ಟ್ರೇಲ್ ಅಂದರೆ?"

"ಕಾಡೊಳಗಿನ ಕಾಲುದಾರಿ ಸರ್."

ಇದನ್ನು ನಮ್ಮಜ್ಜ ತಲೆಯ ಮೇಲೆ ಸೌದೆ ಹೊರೆ ಇಟ್ಟುಕೊಂಡು ಬರಿಗಾಲಲ್ಲಿ ದಿನಾ ಮಾಡುತ್ತಿದ್ದ. ಅವನಿಗೆ ಯಾರೂ ಮೆಡಲ್ ಕೊಡಲಿಲ್ಲ. ಗಾರ್ಡು ಹಿಡಿದು ದಂಡ ಹಾಕಿದ. ಅದೇ ಕೆಲಸಕ್ಕೆ ನಾನು ಹನ್ನೊಂದು ಸಾವಿರದ ಬೂಟು ತಂದೆ. ಮನೆಯಲ್ಲಿ ಎರಡು ಸಾವಿರ ಅಂದೆ. ಈ ಲೇಖನ ಅಚ್ಚಾದ ಮೇಲೆ ಏನಾಗುತ್ತದೋ ನೋಡಬೇಕು.

ಕಾಡು ಅಂದ ಮೇಲೆ ನಮಗೆ ಸಂಡೂರೇ. ಗಾಂಧೀಜಿ 1934ರಲ್ಲಿ ಬಂದು ಹೋದ ಊರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಅವರೇ ಅಂದರೆಂದು ಸಂಡೂರಿನವರು ಹೇಳುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿಯ ಗುಡ್ಡಗಳು ಬಳ್ಳಾರಿ ಸೀಮೆಯವೆಂದು ನಂಬಲಾಗದಷ್ಟು ಹಸಿರು. ಮೇಲೆ ಸ್ವಾಮಿಮಲೆಯಲ್ಲಿ ಕುಮಾರಸ್ವಾಮಿ, ಪಕ್ಕದಲ್ಲಿ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ. ಸಂಡೂರಿನಿಂದ ಸುಮಾರು ಹತ್ತು ಕಿಲೋಮೀಟರ್. ಹುಡುಗ ಸೆಪ್ಟೆಂಬರಿನ ಒಂದು ಭಾನುವಾರ ಗೊತ್ತು ಮಾಡಿದ.

ಹಿಂದಿನ ರಾತ್ರಿ "ದಾರೀಲಿ ತಿನ್ನೋಕೆ ಜೆಲ್ ಇಟ್ಟುಕೊಳ್ಳಿ ಸರ್" ಅಂದ. ಅಂಗಡಿಯಲ್ಲಿ ವಿಚಾರಿಸಿದರೆ ಹೆಬ್ಬೆರಳು ಗಾತ್ರದ ಪೊಟ್ಟಣಕ್ಕೆ ನೂರಕ್ಕೂ ಮೇಲೆ. ಅದರ ಬದಲು ಶೇಂಗಾ ಚಿಕ್ಕಿ ಸಾಕು ಎಂದು ನಾನೇ ಒಲೆ ಮುಂದೆ ನಿಂತೆ. ಪಾಕದ ಹದ ನೋಡಲು ಒಂದು ಹನಿ ನೀರಿಗೆ ಬಿಡಬೇಕು. ಅದು ಗಟ್ಟಿಯಾಗಿ ಟಣ್ ಅನ್ನಬೇಕು. ನನ್ನದು ಟಣ್ ಅನ್ನಲಿಲ್ಲ. ನಾನೇ ಬಾಯಲ್ಲಿ ಟಣ್ ಅಂದು ಇಳಿಸಿದೆ. ಎಳೆಪಾಕದ ಆ ಚಿಕ್ಕಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎರಡು ಜೇಬಿಗೂ ತುಂಬಿಕೊಂಡೆ. ಹಣೆಗೆ ಬ್ಯಾಟರಿ, ಕೈಗೆ ಗಡಿಯಾರ. ಬೆಳಗಿನ ಐದೂವರೆಗೆ ಮಂಜಿನಲ್ಲಿ ಓಟ ಶುರುವಾಯಿತು. ಹತ್ತು ನಿಮಿಷದಲ್ಲಿ ಹುಡುಗನ ಬೆಳಕು ಮರಗಳ ನಡುವೆ ಮಿಣುಕಿ ಮಾಯವಾಯಿತು. ಇಪ್ಪತ್ತು ನಿಮಿಷಕ್ಕೆ ಮೈಶಾಖಕ್ಕೆ ಚಿಕ್ಕಿ ಕರಗಿ, ಚೀಲ ಹರಿದು, ಪಾಕ ತೊಡೆಯ ಮೇಲೆ ಇಳಿಯತೊಡಗಿತು. ಒರೆಸಿದೆ, ಕೈಗೆ ಅಂಟಿತು. ಕೈಯನ್ನು ಅಂಗಿಗೆ ಒರೆಸಿದೆ, ಅಂಗಿಗೆ ಅಂಟಿತು. ಹೀಗೆ ಒಂದು ಕಿಲೋಮೀಟರಿನೊಳಗೆ ಬೆಲ್ಲ ನನ್ನ ಮೈಯನ್ನೆಲ್ಲ ಸುತ್ತಿ ಬಂತು.

ಆಗಲೇ ದಾರಿಯ ತಿರುವಿನಲ್ಲಿ, ಇಪ್ಪತ್ತು ಹೆಜ್ಜೆ ಮುಂದೆ, ಅದು ಕೂತಿತ್ತು.

ಕರ್ರಗೆ, ಗುಡ್ಡೆಯಾಗಿ. ಮೈಮೇಲಿನ ಒರಟು ಕೂದಲ ತುದಿಯಲ್ಲಿ ಇಬ್ಬನಿ ಬ್ಯಾಟರಿ ಬೆಳಕಿಗೆ ಮಿನುಗುತ್ತಿತ್ತು. ಬೆನ್ನು ಮೆಲ್ಲಗೆ ಏರಿ ಇಳಿಯುತ್ತಿತ್ತು. ಅಂದರೆ ಬಂಡೆಯಲ್ಲ. ಬಂಡೆಯೇ ಇರಬಹುದೆಂದು ಹಂಪಿಯ ಪಕ್ಕದವನಾದ ನಾನು ಕಡೆಯ ತನಕ ಆಸೆ ಇಟ್ಟುಕೊಂಡಿದ್ದೆ.

ಕರಡಿ ನನಗೆ ಹೊಸದಲ್ಲ. ಹಂಪಿಯ ಹತ್ತಿರವೇ, 1994ರಲ್ಲಿ ಆದ ದರೋಜಿ ಕರಡಿಧಾಮಕ್ಕೆ ಬೀಗರನ್ನು ಕರೆದುಕೊಂಡು ಹೋಗಿ, ವೀಕ್ಷಣಾ ಗೋಪುರದ ಮೇಲಿಂದ ನೋಡಿದ್ದೆ. ಅಲ್ಲಿ ಮಧ್ಯಾಹ್ನ ಅರಣ್ಯ ಸಿಬ್ಬಂದಿ ಬಂದು ಎದುರಿನ ಬಂಡೆಗಳಿಗೆ ಬೆಲ್ಲ ಸವರಿ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಕರಡಿಗಳು ಇಳಿದು ಬಂದು ಒಂದೊಂದೇ ಬಂಡೆಯನ್ನು ಆರಿಸಿಕೊಂಡು, ಸಂದುಗೊಂದು ಬಿಡದೆ, ಬಹಳ ಮರ್ಯಾದೆಯಿಂದ ನೆಕ್ಕುತ್ತವೆ. ಬೀಗರು ಆಗ "ಪಾಪ, ಎಷ್ಟು ಚಂದ ತಿಂತಾವ ನೋಡ್ರಿ" ಅಂದಿದ್ದರು. ಈಗ ಆ ಮಾತು ಕಿವಿಯಲ್ಲಿ ಕೇಳಿಸಿತು. ನಾನು ಈ ಹೊತ್ತು ಸಂಡೂರಿನ ಕಾಡಿನಲ್ಲಿ ಎಪ್ಪತ್ತೆಂಟು ಕೆಜಿಯ, ಬೆಲ್ಲ ಸವರಿದ ಬಂಡೆ. ಜೊತೆಗೆ ಶೇಂಗಾ ಉಚಿತ.

ಕರಡಿಗೆ ಕಣ್ಣು ಮಂದ, ಮೂಗು ಚುರುಕು ಎಂದು ಅಲ್ಲಿಯ ಗೈಡ್ ಹೇಳಿದ್ದ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಲು ಬೆರಳನ್ನು ಬಾಯಲ್ಲಿಟ್ಟು ಒದ್ದೆ ಮಾಡಿ ಎತ್ತಿದೆ. ಬೆರಳು ಸಿಹಿಯಾಗಿತ್ತು. ಆ ಸ್ಥಿತಿಯಲ್ಲೂ ಪಾಕ ಕೆಟ್ಟಿಲ್ಲ, ಏಲಕ್ಕಿ ಒಂಚೂರು ಹೆಚ್ಚಾಗಿದೆ ಅನ್ನಿಸಿತು.

ಪ್ರಾಥಮಿಕ ಶಾಲೆಯ ಪಾಠ ನೆನಪು ಮಾಡಿಕೊಂಡೆ. ಇಬ್ಬರು ಗೆಳೆಯರು, ಒಂದು ಕರಡಿ. ಒಬ್ಬ ಮರ ಹತ್ತಿದ, ಇನ್ನೊಬ್ಬ ಸತ್ತಂತೆ ಮಲಗಿದ. ಕರಡಿ ಮೂಸಿ ನೋಡಿ ಹೋಯಿತು. ನನ್ನ ಗೆಳೆಯ ಮರ ಹತ್ತುವ ಶ್ರಮವೂ ಇಲ್ಲದೆ ಒಂದು ಕಿಲೋಮೀಟರ್ ಮುಂದೆ ಹೋಗಿ ಪಾರಾಗಿದ್ದಾನೆ. ಉಳಿದದ್ದು ಸತ್ತಂತೆ ಮಲಗುವ ಪಾತ್ರ. ಆದರೆ ಆ ಕಥೆಯವನು ಮೈಗೆ ಬೆಲ್ಲ ಬಳಿದುಕೊಂಡಿರಲಿಲ್ಲ. ಮಲಗಿದರೆ ತಟ್ಟೆಗೆ ಬಡಿಸಿದಂತೆ.

ಕೊನೆಗೆ ಕೈ ಮುಗಿದೆ. ಇದು ಕಿಷ್ಕಿಂಧೆಯ ಸೀಮೆ. ಸಮುದ್ರದ ಮುಂದೆ ಸುಮ್ಮನೆ ಕೂತಿದ್ದ ಹನುಮಂತನಿಗೆ, ನೀನು ಹಾರಬಲ್ಲೆ ಕಣಪ್ಪ ಎಂದು ನೆನಪು ಮಾಡಿಕೊಟ್ಟವನು ಜಾಂಬವಂತ. 'ನಿಮ್ಮ ಕುಲದ ಹಿರಿಯರೇ, ನನಗೂ ಅಂಥದ್ದೇನಾದರೂ ಶಕ್ತಿಯಿದ್ದು ಮರೆತುಹೋಗಿದ್ದರೆ ಇದೇ ಸರಿಯಾದ ಸಮಯ' ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಯಾವ ಶಕ್ತಿಯೂ ನೆನಪಾಗಲಿಲ್ಲ. ಕೈಗಡಿಯಾರ ಮಾತ್ರ, ನಾನು ನಿಂತುಬಿಟ್ಟಿದ್ದೇನೆಂದು ಅರಿತು, ಇಡೀ ಕಣಿವೆಗೆ ಕೇಳುವಂತೆ 'ಟುಯ್ಯೀಂ' ಅಂದಿತು.

ಕರಡಿ ಕೆಮ್ಮಿತು. ಆಮೇಲೆ ಅಂದಿತು:

"ಬ್ಯಾಟ್ರಿ ಕಣ್ಣಿಗಿ ಬಿಡಬ್ಯಾಡ್ರೀ ಯಪ್ಪಾ."

ಕರೇ ಕಂಬಳಿಯ ಕೊಪ್ಪೆಯೊಳಗಿಂದ ಒಬ್ಬ ಕುರಿಗಾಹಿ ಅಜ್ಜನ ಮುಖ ಹೊರಬಂತು. ನನಗೆ ಕಾಲು ನಿಲ್ಲಲಿಲ್ಲ; ಅಲ್ಲೇ ಕುಸಿದು ಕೂತೆ. ಅಜ್ಜನೂ ಎದ್ದೇಳಲಿಲ್ಲ. ನನ್ನ ಹಣೆ ನೋಡಿದ, ಕೈಗಡಿಯಾರ ನೋಡಿದ. ಅವನ ದನಿಯಲ್ಲೂ ನಡುಕವಿತ್ತು.

"ಸರ್ವೇಕ ಬಂದೀರೇನ್ರಿ?"

"ಇಲ್ಲಜ್ಜ. ಓಡಾಕ ಬಂದೀನಿ."

"ಏನರ ಕಳಕೊಂಡೀರೇನು?"

"ಹೊಟ್ಟಿ ಕಳಕೊಳ್ಳಾಕ ಬಂದೀನಿ."

ಅಜ್ಜ ನಗಲಿಲ್ಲ. "ಗುಡ್ಡ ಅಳಿಯಾಕ ಬಂದಿಲ್ಲಲ್ಲ, ಖರೇನ?" ಎಂದು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ. ಜೇಬಿನಲ್ಲಿ ಉಳಿದಿದ್ದ ಚಿಕ್ಕಿಯನ್ನು ಕೆರೆದು ಅವನ ಅಂಗೈಗೆ ಹಾಕಿದೆ. ಹಲ್ಲಿಲ್ಲದ ಬಾಯಿಗೆ ಎಳೆಪಾಕವೇ ಅನುಕೂಲವಾಯಿತು. ಚೀಪುತ್ತಾ, ಕೆಳಗಿನ ಹಳ್ಳದ ಕಡೆ ಗದ್ದ ತೋರಿಸಿ, "ಈಗಷ್ಟ ಒಂದು ಕರಡಿ ದಾಟಿ ಹೋತು. ಅದಕ್ಕ ಕಂಬಳಿ ಮುಸುಕು ಹಾಕ್ಕೊಂಡು ಅಲ್ಲಾಡದಂಗ ಕುಂತಿದ್ದೆ. ಅಷ್ಟರಾಗ ನೀವು ಬಂದ್ರಿ" ಅಂದ.

"ಯಾರಿಗೆ ಜಾಸ್ತಿ ಹೆದರಿದಿ ಅಜ್ಜ, ಕರಡಿಗೋ ನನಗೋ?"

"ಕರಡಿ ಬಂದ ದಾರಿ ಹಿಡಿದು ಹೋಗತೈತ್ರಿ. ಬ್ಯಾಟ್ರಿ ಕಟಗೊಂಡು ಬಂದವರು ಹೋಗಾಂಗಿಲ್ಲ."

ಇಲ್ಲಿಗೆ ನನ್ನ ತಮಾಷೆ ಮುಗಿಯಬೇಕಿತ್ತು. ಆದರೆ ಆ ಮಾತು ಬೆಲ್ಲಕ್ಕಿಂತ ಗಟ್ಟಿಯಾಗಿ ಅಂಟಿಕೊಂಡಿತು. ಬೆಳಕಾದ ಮೇಲೆ ಕೆಳಗಿಳಿಯುತ್ತಾ ನೋಡಿದೆ: ಒಂದು ಕಡೆ ಮಂಜು ಹೊದ್ದ ಕಾಡು, ಇನ್ನೊಂದು ಕಡೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು ಗುಡ್ಡ. ನಮ್ಮ ಸೀಮೆಯಲ್ಲಿ ನಿಜವಾದ ದೂರದ ಓಟ ಓಡಿದ್ದು ಗುಡ್ಡಗಳೇ. ಅದಿರಾಗಿ ಸಂಡೂರಿನಲ್ಲಿ ಲಾರಿ ಹತ್ತಿ, ಬೇಲೆಕೇರಿಯಲ್ಲಿ ಹಡಗು ಹತ್ತಿ, ಚೀನಾದಲ್ಲಿ ಇಳಿದವು. ಆ ಗಣಿ ಲಾರಿಗಳ ವರ್ಷಗಳಲ್ಲಿ ನಮ್ಮೂರ ರಸ್ತೆಯಲ್ಲಿ ಓಡುವುದಿರಲಿ, ದಾಟುವುದೂ ಆಗುತ್ತಿರಲಿಲ್ಲ. ಹಗ್ಗದ ಮೇಲಿನ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆಯೇ ನಾವು ಉಸಿರೆಳೆದದ್ದು. ಆಮೇಲೆ ಮಿತಿ ಹಾಕಿ ಮತ್ತೆ ಶುರುವಾಯಿತು. 2024ರಲ್ಲಿ ಇದೇ ಸಂಡೂರಿನ ದೇವದಾರಿ ಗುಡ್ಡದ ಗಣಿಗೆ 99 ಸಾವಿರಕ್ಕೂ ಹೆಚ್ಚು ಮರ ಹೋಗುತ್ತವೆ ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಆ ಸುದ್ದಿಯನ್ನು ನಾನೂ ಓದಿದ್ದೆ, ಪುಟ ತಿರುಗಿಸಿದ್ದೆ. ಮರ ಎಣಿಸಬೇಕಾದರೆ ಯಾರೋ ಗುಡ್ಡ ಹತ್ತಿ ಎಣಿಸಿರಬೇಕು, ಅವರು ಎಣಿಸುವಾಗ ಯಾವುದೋ ಅಜ್ಜ ಕಂಬಳಿಯೊಳಗಿಂದ ನೋಡಿರಬೇಕು ಎಂದು ಹೊಳೆದಿರಲಿಲ್ಲ.

ಕೆಳಗೆ ಹುಡುಗ ಆಗಲೇ ಬಂದು ಇಡ್ಲಿ ತಿನ್ನುತ್ತಿದ್ದ. ನನ್ನ ಗಡಿಯಾರ ಬಿಚ್ಚಿಸಿಕೊಂಡು ನೋಡಿ ಬೆರಗಾದ. "ಸರ್, ಒಂದು ಕಡೆ ಹನ್ನೆರಡು ನಿಮಿಷ ನಿಂತಿದ್ದೀರಿ, ಆದರೆ ಎದೆಬಡಿತ ಅಲ್ಲೇ ಅತಿ ಹೆಚ್ಚು! ಹೇಗೆ?"

"ಅದು ಬೇರೆ ತರಬೇತಿ" ಅಂದೆ. ಮನೆಗೆ ಬಂದು ಬೂಟು ತೊಳೆದೆ. ಬಚ್ಚಲಲ್ಲಿ ಕೆಂಪು ನೀರು ಹರಿಯಿತು. ಮೂರು ಸಲ ತೊಳೆದರೂ ಬಣ್ಣ ಬಿಡಲಿಲ್ಲ. ಅದು ಬರೀ ಮಣ್ಣಲ್ಲ, ಅದಿರು. ಚಡ್ಡಿಯ ಬೆಲ್ಲಕ್ಕೆ ಇರುವೆ ಬಂದದ್ದು ಬೇರೆ ಕಥೆ.

ಈಗಲೂ ಸಂಡೂರಿಗೆ ಹೋಗುತ್ತೇನೆ. ಹೋಗುವ ಆಸೆ ನಿಮಗೂ ಇದ್ದರೆ ಸೆಪ್ಟೆಂಬರಿನಲ್ಲೇ ಹೋಗಿ. ಬೆಳಕು ಹರಿದ ಮೇಲೆ, ಅರಣ್ಯದವರು ಬಿಡುವ ದಾರಿಯಲ್ಲಷ್ಟೇ ಓಡಿ. ಜೇಬಿನಲ್ಲಿ ಬೆಲ್ಲ ಬೇಡ, ಹಣೆಗೆ ಬ್ಯಾಟರಿ ಬೇಡ. ತಿರುವಿನಲ್ಲಿ ಕಂಬಳಿ ಹೊದ್ದು ಯಾರಾದರೂ ಕೂತಿದ್ದರೆ, ಅವರು ಕೇಳುವ ಮೊದಲೇ ನೀವೇ ಹೇಳಿಬಿಡಿ: ಅಳೆಯಲು ಬಂದವರಲ್ಲ, ಸುಮ್ಮನೆ ಓಡಲು ಬಂದವರು ಎಂದು.